ಗಿಟಾರ್ ಪ್ರಶ್ನೋತ್ತರ: ಟೋನು ಯಾರದು, ಕೈ ಯಾರದು?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ತಿರುಗುತ್ತವೆ. ಮೆಚ್ಚಿನ ವಾದಕರ ಟೋನನ್ನು (ಅವರ ಗಿಟಾರ್ ಸದ್ದಿನ ಬಣ್ಣವನ್ನು) ಹಾಗೇ ಇಳಿಸಿಕೊಳ್ಳುವುದು ಹೇಗೆ, ಇಳಿಸಿಕೊಳ್ಳಬೇಕೇ ಎಂಬುದು. ಮೈಸೂರು, ಮಂಡ್ಯ ಕಡೆಯಿಂದ ಬಂದ ಕೆಲವನ್ನು ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಅಮೆರಿಕದ ಬ್ಲೂಸ್ ವಾದಕ ಸ್ಟೀವಿ ರೇ ವಾನ್ ಟೋನಿಗಾಗಿ ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್) ಮಾದರಿಯ ಗಿಟಾರ್, ಸದ್ದು ಒಡೆಸುವ ಟ್ಯೂಬ್ ಸ್ಕ್ರೀಮರ್ ಪೆಡಲ್ ಎರಡನ್ನೂ ಕೊಂಡೆ. ಮನೆಯ 15 ವ್ಯಾಟ್ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಸದ್ದು ತೆಳ್ಳಗೆ, ಮೂಗಿನಲ್ಲಿ ಹಾಡಿದ ಹಾಗೆ ಬರುತ್ತದೆ. ಪೆಡಲ್ ನಕಲಿ ಇರಬಹುದೇ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಪೆಡಲ್ ಅಸಲಿಯೇ ಇದ್ದರೂ ಹೀಗೇ ಕೇಳುತ್ತದೆ. ಬಾಸ್ ಕತ್ತರಿಸಿ, ಸುಮಾರು 720 ಹರ್ಟ್ಸ್ ಸುತ್ತಲಿನ ಮಿಡ್ಡನ್ನು (ನಡುವಿನ ಸದ್ದನ್ನು) ಎತ್ತುವುದೇ ಅದರ ಕೆಲಸ. ವಾನ್ ಅದನ್ನು ಡ್ರೈವ್ (ಸದ್ದು ಒಡೆಯುವ ಪ್ರಮಾಣ) ಕಡಿಮೆ, ಲೆವೆಲ್ (ಹೊರಬರುವ ಸದ್ದು) ಹೆಚ್ಚು ಇಟ್ಟು, ಆಗಲೇ ಜೋರಾಗಿ ಓಡುತ್ತಿದ್ದ ವಾಲ್ವ್ ಆಂಪ್‌ಗಳ ಮುಂದೆ ಬಳಸುತ್ತಿದ್ದರು. ಅಲ್ಲಿ ಬಾಸ್ ತಾನಾಗೇ ತುಂಬಿರುತ್ತಿತ್ತು, ಪೆಡಲ್ ಅದನ್ನು ಕೆಸರಾಗದಂತೆ ತಡೆಯುತ್ತಿತ್ತು. ನಿಮ್ಮದು ಸಣ್ಣ ಸ್ಪೀಕರಿನ ಟ್ರಾನ್ಸಿಸ್ಟರ್ ಆಂಪ್. ಇಲ್ಲದ ಬಾಸನ್ನು ಇನ್ನಷ್ಟು ಕತ್ತರಿಸಿದರೆ ಉಳಿಯುವುದು ಮೂಗೇ.

ಆಂಪ್‌ನ ಗೇನನ್ನು, ಜೋರಾಗಿ ಮೀಟಿದಾಗ ಮಾತ್ರ ಸದ್ದು ಒಡೆಯುವಷ್ಟು ಇಡಿ. ಪೆಡಲಿನ ಡ್ರೈವ್ ಗಡಿಯಾರದ 9ರ ಸ್ಥಾನದಲ್ಲಿ, ಲೆವೆಲ್ 2ರಲ್ಲಿ, ಟೋನ್ 11ರಲ್ಲಿ ಇರಲಿ. ಆಂಪ್‌ನ ಬಾಸ್ ಏರಿಸಿ, ಮಿಡ್ಡನ್ನು ಅರ್ಧಕ್ಕಿಂತ ಕೆಳಗಿಳಿಸಿ. ಆಮೇಲೆ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಅಯಸ್ಕಾಂತದ ಭಾಗ) ಎತ್ತರ ನೋಡಿ. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದಾಗ ಪಿಕಪ್‌ಗೂ ತಂತಿಗೂ ದಪ್ಪ ತಂತಿಯ ಕಡೆ 2.4 ಮಿ.ಮೀ., ಸಣ್ಣ ತಂತಿಯ ಕಡೆ 2 ಮಿ.ಮೀ. ಅಂತರ ಬೇಕು. ಸದ್ದು ಜೋರಾಗಲಿ ಎಂದು ಇನ್ನೂ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನು ಎಳೆಯುತ್ತದೆ. ಆಗ ಮೇಲಿನ ಫ್ರೆಟ್ಟುಗಳಲ್ಲಿ ಶ್ರುತಿ ನಡುಗುತ್ತದೆ, ಎಷ್ಟು ಟ್ಯೂನ್ ಮಾಡಿದರೂ ಸರಿಹೋಗುವುದಿಲ್ಲ.

ಇನ್ನು ತಂತಿ. ವಾನ್ 13 ಗೇಜ್ (ಅತಿ ಸಣ್ಣ ತಂತಿಯ ದಪ್ಪ 0.013 ಇಂಚು) ಹಾಕಿ ಅರ್ಧ ಸ್ವರ ಇಳಿಸಿ ನುಡಿಸುತ್ತಿದ್ದರು ಎಂದು ಓದಿದವರು ನೇರ ಅಂಗಡಿಗೆ ಓಡುತ್ತಾರೆ. ಓಡಬೇಡಿ. 9 ಅಥವಾ 10ಕ್ಕೆ ಕೊರೆದ ನಟ್ಟಿನ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಯ) ಕಚ್ಚಿನಲ್ಲಿ 13 ಸಿಕ್ಕಿಕೊಳ್ಳುತ್ತದೆ, ಟ್ರೆಮೊಲೊ ಬ್ರಿಡ್ಜ್ ಮುಂದಕ್ಕೆ ಎದ್ದು ನಿಲ್ಲುತ್ತದೆ, ಬೆರಳೂ ನೋಯುತ್ತದೆ. 11 ಹಾಕಿ ಅರ್ಧ ಸ್ವರ ಇಳಿಸಿ. ಅರ್ಧ ಸ್ವರ ಇಳಿದರೆ ಬಿಗಿತ ಸುಮಾರು ಶೇ. 11 ಕಡಿಮೆಯಾಗುತ್ತದೆ. ಹಾಗಾಗಿ ಇಳಿಸಿದ 11ರ ಅತಿ ಸಣ್ಣ ತಂತಿ, ಮಾಮೂಲಿ ಶ್ರುತಿಯ 10ಕ್ಕಿಂತ ಶೇ. 8ರಷ್ಟು ಮಾತ್ರ ಬಿಗಿ. ಹಿಂಬದಿಯ ಸ್ಪ್ರಿಂಗ್ ಸ್ಕ್ರೂ ಬಿಗಿಮಾಡಿ ಬ್ರಿಡ್ಜನ್ನು ಮಟ್ಟಕ್ಕೆ ತನ್ನಿ. 1ನೇ ಫ್ರೆಟ್ಟಿಗೆ ಕ್ಯಾಪೊ ಹಾಕಿ, ಕೊನೆಯ ಫ್ರೆಟ್ ಒತ್ತಿ, 8ನೇ ಫ್ರೆಟ್ಟಿನ ಮೇಲೆ 0.25 ಮಿ.ಮೀ. ಸಂದು ಇದೆಯೇ ನೋಡಿ.

ದಪ್ಪ ತಂತಿಯಿದ್ದರೆ ದಪ್ಪ ಟೋನು ಎಂಬ ನಂಬಿಕೆಗೆ ಎದುರು ಸಾಕ್ಷಿ ಝಡ್‌ಝಡ್ ಟಾಪ್ ತಂಡದ ಬಿಲ್ಲಿ ಗಿಬ್ಬನ್ಸ್. 7 ಗೇಜ್ ತಂತಿಯಲ್ಲಿ ಅವರಷ್ಟು ತುಂಬುಸದ್ದು ತೆಗೆಯುವವರು ಅಪರೂಪ.

ಪ್ರಶ್ನೆ: ನಮ್ಮದು ಗಣೇಶನ ಹಬ್ಬ, ಮದುವೆಗಳಿಗೆ ನುಡಿಸುವ ಆರ್ಕೆಸ್ಟ್ರಾ. ರೆಕಾರ್ಡಿನಲ್ಲಿ ಇರುವ ಹಾಗೇ ಗಿಟಾರ್ ಬರಬೇಕು ಎನ್ನುತ್ತಾರೆ. ಇಯರ್‌ಫೋನಿನಲ್ಲಿ ಕೇಳುತ್ತ ಪ್ರೊಸೆಸರಿನಲ್ಲಿ ಸಿದ್ಧಮಾಡಿದ ಪ್ರೀಸೆಟ್ (ಉಳಿಸಿಟ್ಟ ಸೆಟ್ಟಿಂಗ್) ಮನೆಯಲ್ಲಿ ಥೇಟ್ ಹಾಗೇ ಇರುತ್ತದೆ. ಸ್ಟೇಜಿನಲ್ಲಿ ಒಮ್ಮೊಮ್ಮೆ ಜೇನುಹುಳು ಗುಂಯ್‌ಗುಟ್ಟಿದ ಹಾಗೆ, ಒಮ್ಮೊಮ್ಮೆ ಕೇಳುವುದೇ ಇಲ್ಲ.
— ಓದುಗರು, ಮದ್ದೂರು

ಉತ್ತರ: ಆರ್ಕೆಸ್ಟ್ರಾದಲ್ಲಿ ನಕಲು ಮಾಡುವುದೇ ಕಸುಬು, ಅದರಲ್ಲಿ ಸಂಕೋಚ ಬೇಡ. ಆದರೆ ರೆಕಾರ್ಡಿನಲ್ಲಿ ನೀವು ಕೇಳುವುದು ಒಂದು ಗಿಟಾರನ್ನಲ್ಲ. ಒಂದೇ ಬಿಟ್ಟನ್ನು (ಗಿಟಾರ್ ತುಣುಕನ್ನು) ಎರಡು ಸಲ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಟ್ಟಿರುತ್ತಾರೆ, ಬಾಸ್ ಗಿಟಾರಿಗೆ ಜಾಗ ಬಿಡಲು 100 ಹರ್ಟ್ಸಿನ ಕೆಳಗೆ ಕತ್ತರಿಸಿರುತ್ತಾರೆ. ಅದನ್ನು ಒಂಟಿ ಗಿಟಾರಿನಲ್ಲಿ ಪೂರ್ತಿ ತರಲಾಗದು. ಬಿಟ್ಟಿನ ಗುರುತು ಸಿಕ್ಕರೆ ಸಾಕು.

ಜೇನುಹುಳುವಿನ ಕಾರಣ ಕ್ಯಾಬ್ ಸಿಮ್ಯುಲೇಶನ್ (ಪ್ರೊಸೆಸರ್ ಮಾಡುವ ಗಿಟಾರ್ ಸ್ಪೀಕರಿನ ಅನುಕರಣೆ) ಆಫ್ ಇರುವುದು. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದ ಮೇಲೆ ಹೆಚ್ಚುಕಡಿಮೆ ಸುಮ್ಮನಾಗುತ್ತದೆ. ಡಿಸ್ಟಾರ್ಷನ್‌ನ ಕೊರೆತವನ್ನೆಲ್ಲ ಅದು ನುಂಗಿಕೊಳ್ಳುತ್ತದೆ. ಪ್ರೊಸೆಸರಿನಿಂದ ನೇರ ಮಿಕ್ಸರಿಗೆ ಹೋದಾಗ ಆ ಸ್ಪೀಕರ್ ನಡುವೆ ಇರುವುದಿಲ್ಲ. ಮಿಕ್ಸರಿಗೆ ಹೋಗುವಾಗ ಕ್ಯಾಬ್ ಸಿಮ್ ಆನ್, ಗಿಟಾರ್ ಆಂಪ್‌ಗೆ ಹೋಗುವಾಗ ಆಫ್. ಎರಡೂ ಕಡೆ ಆನ್ ಇಟ್ಟರೆ ಕಂಬಳಿ ಹೊದಿಸಿದ ಸದ್ದು. ಜೊತೆಗೆ ಹೈ ಕಟ್ 5ರಿಂದ 6 ಕಿಲೋಹರ್ಟ್ಸ್, ಲೋ ಕಟ್ 100 ಹರ್ಟ್ಸ್ ಇಡಿ. ಒಂದೇ ಕೇಬಲ್ ಹೋಗುವುದಾದರೆ ಎಡದ, ಮೋನೊ ಎಂದು ಬರೆದ ಔಟ್‌ಪುಟ್ ಬಳಸಿ. ಇಲ್ಲವಾದರೆ ಸ್ಟೀರಿಯೋ ಡಿಲೇಯ ಅರ್ಧ ಭಾಗ ಕಳೆದುಹೋಗುತ್ತದೆ.

ಕೇಳಿಸದೇ ಹೋಗುವುದಕ್ಕೆ ಕಿವಿಯೇ ಕಾರಣ. ಮೆಲ್ಲಗಿನ ಸದ್ದಿನಲ್ಲಿ ನಮ್ಮ ಕಿವಿಗೆ ಬಾಸೂ ಟ್ರೆಬಲ್ಲೂ ಕಡಿಮೆ ಕೇಳುತ್ತವೆ (ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದರ ರೇಖೆ ಬರೆದಿಟ್ಟರು). ಅದಕ್ಕೇ ಮನೆಯಲ್ಲಿ ಅವೆರಡನ್ನೂ ಏರಿಸಿ ಮಿಡ್ ಇಳಿಸುತ್ತೀರಿ. ಸ್ಟೇಜಿನಲ್ಲಿ ಬಾಸ್ ಗಿಟಾರ್, ಕಿಕ್ ಡ್ರಮ್ ಕೆಳಗಿನದನ್ನು ನುಂಗುತ್ತವೆ, ಸಿಂಬಲ್ ಮೇಲಿನದನ್ನು. ನಿಮಗೆ ಉಳಿದಿದ್ದ ಮಿಡ್ಡನ್ನು ನೀವೇ ತೆಗೆದಿದ್ದೀರಿ! ಸೌಂಡ್ ಚೆಕ್ಕಿನಲ್ಲಿ, ಇಡೀ ತಂಡ ನುಡಿಸುತ್ತಿರುವಾಗಲೇ ಪ್ರೀಸೆಟ್ ತಿದ್ದಿ. ಗೇನನ್ನು ಮೂರರಲ್ಲಿ ಒಂದು ಭಾಗ ಇಳಿಸಿ, 500 ಹರ್ಟ್ಸಿನಿಂದ 1 ಕಿಲೋಹರ್ಟ್ಸ್‌ವರೆಗೆ 3 ಡೆಸಿಬೆಲ್ ಏರಿಸಿ. ಒಂಟಿಯಾಗಿ ಕೇಳಿದರೆ ಒರಟು ಅನ್ನಿಸುತ್ತದೆ, ಹಾಗೇ ಬಿಡಿ. ಡಿಲೇ ಮಾತ್ರ ಲೆಕ್ಕದ್ದು: 60,000ವನ್ನು ಹಾಡಿನ ಬಿಪಿಎಂನಿಂದ ಭಾಗಿಸಿ. 120ರ ಹಾಡಿಗೆ 500 ಮಿಲಿಸೆಕೆಂಡ್, ಡಾಟೆಡ್ ಎಯ್ತ್ (ಮುಕ್ಕಾಲು ಬೀಟು) ಬೇಕಿದ್ದರೆ 375.

ಪೆಂಡಾಲಿನಲ್ಲಿ ಹಮ್ ಬಂದಾಗ ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುವ ಚಾಳಿ ನಮ್ಮ ಕಡೆ ಇದೆ. ಗಿಟಾರ್ ತಂತಿಯ ಮೇಲೆ ಕೈಯಿಟ್ಟು ಮೈಕಿಗೆ ತುಟಿ ತಗುಲಿದರೆ ಜೀವಕ್ಕೇ ಅಪಾಯ. ಗಿಟಾರ್, ಮಿಕ್ಸರ್ ಎರಡಕ್ಕೂ ಒಂದೇ ಬೋರ್ಡಿನಿಂದ ಲೈನ್ ತೆಗೆದುಕೊಳ್ಳಿ, ಡಿಐ ಬಾಕ್ಸಿನ (ಗಿಟಾರ್ ಲೈನನ್ನು ಮಿಕ್ಸರಿಗೆ ಹೊಂದಿಸುವ ಪೆಟ್ಟಿಗೆಯ) ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ.

ಪ್ರಶ್ನೆ: ನನ್ನ ಜರ್ಮೇನಿಯಂ ಫಝ್ ಪೆಡಲ್ ಬೆಳಿಗ್ಗೆ ಚೆನ್ನಾಗಿರುತ್ತದೆ, ಏಪ್ರಿಲ್ ಮಧ್ಯಾಹ್ನ ಹರಿದುಹೋದ ಸದ್ದು. ಏಕೆ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಜರ್ಮೇನಿಯಂ ಟ್ರಾನ್ಸಿಸ್ಟರಿನಲ್ಲಿ ಬಿಸಿ ಏರಿದಷ್ಟೂ ಸೋರಿಕೆ ವಿದ್ಯುತ್ ಹೆಚ್ಚುತ್ತದೆ, ಬಯಾಸ್ (ಟ್ರಾನ್ಸಿಸ್ಟರ್ ಕೆಲಸಮಾಡುವ ವೋಲ್ಟೇಜ್ ಮಟ್ಟ) ಜಾರುತ್ತದೆ. ಬಿಸಿಲಿಗೆ ಕಾದ ಅಲ್ಯೂಮಿನಿಯಂ ಬೋರ್ಡಿನ ಮೇಲಂತೂ ಇನ್ನೂ ಬೇಗ. ನೆರಳಿನಲ್ಲಿಡಿ, ಒಳಗೆ ಬಯಾಸ್ ಟ್ರಿಮ್ಮರ್ ಇದ್ದರೆ ನುಡಿಸುವ ಹೊತ್ತಿನಲ್ಲೇ ಹೊಂದಿಸಿ. ಫಝ್ ಸರಣಿಯಲ್ಲಿ ಮೊದಲು ಇರಲಿ. ಗಿಟಾರಿಗೂ ಅದಕ್ಕೂ ನಡುವೆ ಬಫರ್ (ಸಿಗ್ನಲನ್ನು ಗಟ್ಟಿಮಾಡುವ ಸರ್ಕ್ಯೂಟ್) ಇರುವ ಪೆಡಲ್ ಬಂದರೆ ಗಿಟಾರಿನ ವಾಲ್ಯೂಮ್ ಇಳಿಸಿ ಸದ್ದು ತಿಳಿಮಾಡುವ ಗುಣವೇ ಹೋಗುತ್ತದೆ. ಪಾಸಿಟಿವ್ ಗ್ರೌಂಡ್ (ಪ್ಲಸ್ ತುದಿಯೇ ಗ್ರೌಂಡಿಗೆ ಸೇರಿರುವ) ಪೆಡಲ್ ಆದರೆ ಉಳಿದ ಪೆಡಲ್‌ಗಳ ಅಡಾಪ್ಟರ್ ಸರಪಳಿಗೆ ಸೇರಿಸಬೇಡಿ, ಶಾರ್ಟ್ ಆಗುತ್ತದೆ.

ಪ್ರಶ್ನೆ: ಬೀಟೆ ಮರದಲ್ಲಿ ಕೆತ್ತನೆ ಮಾಡುವ ಪರಿಚಯದವರಿಂದ ಇಡೀ ಗಿಟಾರನ್ನು ಮಾಡಿಸಬೇಕೆಂದಿದ್ದೇನೆ. ಯಾರಿಗೂ ಇಲ್ಲದ ಟೋನು ನನ್ನದಾಗುತ್ತದೆಯೇ?
— ಓದುಗರು, ಮಂಡ್ಯ

ಉತ್ತರ: ನಿಮ್ಮದಾಗುವುದು ಬೆನ್ನುನೋವು. ಆಲ್ಡರ್ ಮರದ ಸ್ಟ್ರಾಟ್ ಬಾಡಿ 2 ಕಿಲೋ ಆಸುಪಾಸು ತೂಗಿದರೆ ಅದೇ ಅಳತೆಯ ಬೀಟೆ 3.5 ಕಿಲೋ ದಾಟುತ್ತದೆ. ಬೀಟೆಯನ್ನು 6 ಮಿ.ಮೀ. ಫಿಂಗರ್‌ಬೋರ್ಡಿಗೆ ಮಾತ್ರ ಇಡಿ, ಚೆನ್ನಾಗಿ ಒಣಗಿದ್ದು, ರಸೀದಿ ಇರುವುದನ್ನೇ ಕೊಳ್ಳಿ.

ಮನೆಯಲ್ಲೇ ಮಾಡಿದ ಗಿಟಾರ್ ಎಂದರೆ ಎಲ್ಲರೂ ಕ್ವೀನ್ ತಂಡದ ಬ್ರಿಯಾನ್ ಮೇ ಹೆಸರು ಹೇಳುತ್ತಾರೆ. 1963ರಲ್ಲಿ ತಂದೆಯ ಜೊತೆ ಶುರುಮಾಡಿದ ಆ ಗಿಟಾರಿನ ನೆಕ್ ಹಳೆಯ ಬೆಂಕಿಗೂಡಿನ ಮರ ಎಂಬುದು ನಿಜ. ಆದರೆ ಅದರ ಸದ್ದಿಗೆ ಮುಖ್ಯ ಕಾರಣ ಸೀರೀಸ್‌ನಲ್ಲಿ ಜೋಡಿಸಿದ ಮೂರು ಪಿಕಪ್, ಪ್ರತಿಯೊಂದಕ್ಕೂ ಫೇಸ್ (ಸಿಗ್ನಲಿನ ಪ್ಲಸ್-ಮೈನಸ್) ತಿರುಗಿಸುವ ಸ್ವಿಚ್, ಟ್ರೆಬಲ್ ಬೂಸ್ಟರ್, ವಾಕ್ಸ್ ಎಸಿ30 ಆಂಪ್, ಪ್ಲೆಕ್ಟ್ರಮ್ ಬದಲು ಹಿಡಿದ ಸಿಕ್ಸ್‌ಪೆನ್ಸ್ ನಾಣ್ಯ.

ಕೆತ್ತನೆ ಬಲ್ಲವರೂ ಎಡವುವುದು ಫ್ರೆಟ್ ಅಳತೆಯಲ್ಲಿ. 648 ಮಿ.ಮೀ. ಸ್ಕೇಲನ್ನು (ನಟ್ಟಿನಿಂದ ಬ್ರಿಡ್ಜಿನವರೆಗಿನ ಉದ್ದವನ್ನು) 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ 36.37ರಲ್ಲಿ. ಉಳಿದ ಉದ್ದವನ್ನು ಮತ್ತೆ ಹಾಗೇ ಭಾಗಿಸುತ್ತ ಹೋಗಿ, 12ನೆಯದು ಸರಿಯಾಗಿ 324ಕ್ಕೆ ಬರಬೇಕು. ಲೆಕ್ಕ ಹೀಗೆ, ಆದರೆ ಗುರುತು ಹಾಕುವಾಗ ಪ್ರತಿ ಫ್ರೆಟ್ಟನ್ನೂ ನಟ್ಟಿನಿಂದಲೇ ಅಳೆಯಿರಿ. ಹಿಂದಿನ ಫ್ರೆಟ್ಟಿನಿಂದ ಅಳೆದರೆ ತಪ್ಪು ಕೂಡುತ್ತ ಹೋಗಿ ಕೊನೆಗೆ ಅಪಸ್ವರ. ಸ್ಯಾಡಲ್‌ಗಳಿಗೆ (ಬ್ರಿಡ್ಜಿನಲ್ಲಿ ತಂತಿ ಕೂರುವ ತುಂಡುಗಳಿಗೆ) 648ರ ಹಿಂದಕ್ಕೆ ಕೆಲವು ಮಿ.ಮೀ. ಸರಿಯಲು ಜಾಗವಿರಲಿ.

ಪ್ರಶ್ನೆ: ಮೇಷ್ಟ್ರು ಯಾರನ್ನೂ ಅನುಕರಿಸಬೇಡ ಎನ್ನುತ್ತಾರೆ, ಗೆಳೆಯರು ನಕಲು ಮಾಡದೆ ಕಲಿಯಲಾಗದು ಎನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಗೆಳೆಯರದ್ದು, ಆದರೆ ಪೆಡಲಿನ ನಕಲಲ್ಲ, ಕೈಯ ನಕಲು. ನಿಮ್ಮ ಊರಿನಲ್ಲೇ ಇದಕ್ಕೆ ಉದಾಹರಣೆಯಿದೆ. ವೀಣೆ ಶೇಷಣ್ಣನವರಿಂದ ದೊರೆಸ್ವಾಮಿ ಅಯ್ಯಂಗಾರ್ಯರವರೆಗೆ ಬಂದ ಮೈಸೂರು ಬಾನಿಯನ್ನೂ ತಂಜಾವೂರು ಬಾನಿಯನ್ನೂ ಪಳಗಿದ ಕಿವಿ ಕೆಲವೇ ಮೀಟುಗಳಲ್ಲಿ ಬೇರೆಮಾಡುತ್ತದೆ. ಅದೇ 24 ಮೆಟ್ಟಿಲು, ಅದೇ ಏಳು ತಂತಿ. ಬೇರೆ ಇರುವುದು ಮೀಟು, ಎಳೆತ. ಶಿಷ್ಯರು ಅದನ್ನು ಕಲಿತದ್ದು ಗುರುವಿನ ಎದುರು ಕೂತು ನಕಲು ಮಾಡಿಯೇ.

ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು) ಉದ್ದದ ಒಂದು ಸೋಲೊ ತುಣುಕು ಆರಿಸಿ. ಪೆಡಲ್ ಎಲ್ಲ ಆಫ್. ಮೊದಲು ಬಾಯಲ್ಲಿ ಹಾಡಿ, ಆಮೇಲೆ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ ಮೂಲದ ಪಕ್ಕದಲ್ಲಿಟ್ಟು ಕೇಳಿ. ಬೆಂಡ್ (ತಂತಿಯ ಎಳೆತ) ಪೂರ್ತಿ ಸ್ವರ ಮುಟ್ಟುತ್ತಿದೆಯೇ? ವೈಬ್ರಾಟೊ (ಸ್ವರದ ಕಂಪನ) ಸ್ವರ ಹಿಡಿದ ತಕ್ಷಣ ಬರುತ್ತದೆಯೋ ತಡೆದು ಬರುತ್ತದೆಯೋ? ಪ್ಲೆಕ್ಟ್ರಮ್ ಬ್ರಿಡ್ಜಿನಿಂದ 3 ಸೆಂ.ಮೀ. ದೂರದಲ್ಲಿದೆಯೋ, ನೆಕ್ ಪಿಕಪ್ಪಿನ ಮೇಲೋ? 0.73 ಮಿ.ಮೀ. ಪ್ಲೆಕ್ಟ್ರಮ್ ಬಿಟ್ಟು 1.5 ಹಿಡಿದು ನೋಡಿ, ಡೈರ್ ಸ್ಟ್ರೇಟ್ಸ್ ತಂಡದ ಮಾರ್ಕ್ ನಾಫ್ಲರ್ ಹಾಗೆ ಬರಿಬೆರಳಲ್ಲೂ ನೋಡಿ. ಆಮೇಲೆ ಅದೇ ತುಣುಕನ್ನು, ಸ್ವಭಾವ ತೀರಾ ಬೇರೆ ಇರುವ ಇನ್ನೊಬ್ಬರ ಕೈಯಲ್ಲಿ ಹೇಗಿರುತ್ತಿತ್ತೋ ಹಾಗೆ ನುಡಿಸಿ. ಒಬ್ಬರನ್ನೇ ಹಿಡಿದರೆ ಅವರ ನೆರಳಾಗುತ್ತೀರಿ. ಮೂರ್ನಾಲ್ಕು ಮಂದಿಯನ್ನು ಹಿಡಿದಾಗ ಅವರವರಲ್ಲಿ ಹೊಂದದ್ದು ಕಳಚಿ ಬೀಳುತ್ತದೆ. ಮೋಹನವನ್ನೋ ಸಿಂಧುಭೈರವಿಯನ್ನೋ ಕೇಳಿ ಬೆಳೆದವರಿಗೆ ಜಾರು, ಕಂಪಿತ ಕೈಗೆ ಬಂದೇ ಬರುತ್ತವೆ, ಅದನ್ನು ಬ್ಲೂಸ್ ಅಲ್ಲವೆಂದು ತಿದ್ದಿಕೊಳ್ಳಬೇಡಿ.

ಮೇಷ್ಟ್ರು ಹೆದರುವುದರಲ್ಲೂ ಅರ್ಥವಿದೆ. ಅಂತರ್ಜಾಲದಲ್ಲಿ ಸಿಗುವ ರೆಡಿಮೇಡ್ ಪ್ರೀಸೆಟ್ಟುಗಳು ಕಿವಿಯ ಕೆಲಸವನ್ನೇ ಕಸಿದುಕೊಳ್ಳುತ್ತವೆ.

ಪ್ರಶ್ನೆ: ಗಿಟಾರಿನ ವಾಲ್ಯೂಮ್ ಇಳಿಸಿದರೆ ಟೋನು ಮಂಕಾಗುತ್ತದೆ.
— ಓದುಗರು, ಪಾಂಡವಪುರ

ಉತ್ತರ: ಮೊದಲು ಕೇಬಲ್ ನೋಡಿ. ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಧಾರಣ ಇರುವುದರಿಂದ 10 ಮೀಟರಿನ ಕೇಬಲ್ ಟ್ರೆಬಲ್ ತಿನ್ನುತ್ತದೆ. 3 ಮೀಟರಿನದರಲ್ಲೂ ಮಂಕಾದರೆ ವಾಲ್ಯೂಮ್ ಪಾಟಿನ (ಗುಂಡಿಯ ಒಳಗಿನ ರೆಸಿಸ್ಟರಿನ) ಇನ್‌ಪುಟ್, ಔಟ್‌ಪುಟ್ ಕಾಲುಗಳ ನಡುವೆ 680 ಪಿಕೊಫ್ಯಾರಡ್ ಕೆಪಾಸಿಟರ್, 150 ಕಿಲೋಓಮ್ ರೆಸಿಸ್ಟರ್ ಎರಡನ್ನೂ ಸಮಾನಾಂತರವಾಗಿ ಬೆಸೆಯಿರಿ. ಬೆಸೆಯುವ ಮೊದಲು ಮೊಸಳೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ ಕೇಳಿ. ಮಂಕೇ ಇಷ್ಟವಾಗುವವರೂ ಇದ್ದಾರೆ.