ಬೆಲ್ಲೋ ಗೇಜಿನ ಮುಳ್ಳು ಹೇಳುವುದು ಏನನ್ನು?

ಪ್ರಶ್ನೆ: ನನ್ನ ಹತ್ತಿರ 1970ರ ದಶಕದ ಒಂದು ಮೋಟರ್‌ಹೋಮ್ (ಒಳಗೇ ಮನೆಯಂತೆ ವಾಸಿಸಬಹುದಾದ ಗಾಡಿ) ಇದೆ. ಹಿಂದೆ ಎಡಕ್ಕೊಂದು ಬಲಕ್ಕೊಂದು ಏರ್ ಬೆಲ್ಲೋ (ಸ್ಪ್ರಿಂಗ್ ಹಾಗೆ ಗಾಡಿಯ ಭಾರ ಹೊರುವ, ಗಾಳಿ ತುಂಬಿದ ರಬ್ಬರ್ ಚೀಲ), ಜೊತೆಗೆ ಗಾಳಿಯ ಒಂದು ಸಣ್ಣ ಟ್ಯಾಂಕ್. ಬೆಲ್ಲೋಗಳಲ್ಲಿ ಒತ್ತಡ 90 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಆಸುಪಾಸು ಇರುತ್ತದೆ, ಕಾಂಪ್ರೆಸರ್ 120ಕ್ಕೆ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನ ಹಳೆಯ ಗೇಜ್‌ಗಳು ಕೈಕೊಟ್ಟಿವೆ. ಎರಡು ಮುಳ್ಳಿನ ಒಂದೇ ಗೇಜ್ ಸಾಕಾ, ಬೇರೆ ಬೇರೆ ಬೇಕಾ, ಇಲ್ಲಾ ಡಿಜಿಟಲ್ ಹಾಕಿಬಿಡಲಾ? ಎಷ್ಟು ಪಿಎಸ್‌ಐವರೆಗಿನದು ತಗೊಳ್ಳಬೇಕು?

ಉತ್ತರ: ಗೇಜ್ ಕೊಳ್ಳುವ ಮೊದಲು ಒಂದು ಮಾತು. ಗೇಜ್ ನೋಡಿದರೆ ಗಾಡಿ ಎಷ್ಟು ಎತ್ತರಕ್ಕೆ ನಿಂತಿದೆ ಅಂತ ತಿಳಿಯುತ್ತದೆ ಅಂದುಕೊಂಡಿದ್ದರೆ ಅದನ್ನು ಮೊದಲು ಮರೆತುಬಿಡಿ. ನಾನೂ ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ನನ್ನ ಗಾಡಿ ಎಡಕ್ಕೆ ವಾಲಿಕೊಂಡಿತ್ತು, ಮಡ್‌ಗಾರ್ಡ್ ಟೈರಿನ ಹತ್ತಿರಕ್ಕೆ ಮೂರು ಬೆರಳಷ್ಟು ಇಳಿದಿತ್ತು. ಒಳಗೆ ಹೋಗಿ ಕೀ ತಿರುಗಿಸಿದೆ. ಎಡಗಡೆ ಗೇಜ್ ರಾತ್ರಿ ತೋರಿಸಿದ್ದ 85ನ್ನೇ ಹೆಚ್ಚುಕಮ್ಮಿ ತೋರಿಸುತ್ತಿತ್ತು! ಗೇಜ್ ಕೆಟ್ಟಿದೆ ಅಂತ ಬೈದುಕೊಂಡೆ. ಕೆಟ್ಟಿರಲಿಲ್ಲ. ಅದು ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು, ನನಗೆ ಓದಲು ಬರುತ್ತಿರಲಿಲ್ಲ ಅಷ್ಟೇ.

ಲೆಕ್ಕ ಸುಲಭ. ಬೆಲ್ಲೋ ಮೇಲೆ ಕೂತ ಭಾರವನ್ನು ಅದರ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದೇ ಒತ್ತಡ. ಗಾಳಿ ಮೆಲ್ಲಗೆ ಸೋರಿದರೆ ಬೆಲ್ಲೋ ಕುಗ್ಗುತ್ತದೆ, ಗಾಡಿ ಕೆಳಗಿಳಿಯುತ್ತದೆ, ಆದರೆ ಮೇಲಿನ ಭಾರ ಅಷ್ಟೇ ಇರುತ್ತದಲ್ವಾ? ಹಾಗಾಗಿ ಒತ್ತಡವೂ ಹೆಚ್ಚುಕಮ್ಮಿ ಅಷ್ಟೇ. ಒಳಗಿನ ರಬ್ಬರ್ ಸ್ಟಾಪ್ ಮೇಲೆ ಗಾಡಿ ಕೂತು ಅದು ಭಾರ ಹೊರಲು ಶುರುಮಾಡಿದ ಮೇಲೇ ಮುಳ್ಳು ಧಡಕ್ಕನೆ ಬೀಳುವುದು. ಅಂದರೆ ಮುಳ್ಳು ಹೇಳುವುದು ಭಾರವನ್ನು. ಎತ್ತರಕ್ಕೆ ಅಳತೆ ಟೇಪೇ ಬೇಕು. ಗಾಡಿ ಸರಿಯಾದ ಎತ್ತರದಲ್ಲಿ ನಿಂತಾಗ ಆಕ್ಸಲ್‌ನಿಂದ ಫ್ರೇಮ್‌ವರೆಗೆ ಅಳೆದು, ಆ ಅಂಕಿಯನ್ನೂ ಎರಡೂ ಗೇಜ್‌ಗಳ ಅಂಕಿಯನ್ನೂ ಒಂದು ಚೀಟಿಯಲ್ಲಿ ಬರೆದು ಸನ್‌ವೈಸರ್ ಹಿಂದೆ ಅಂಟಿಸಿಡಿ. ಉಕ್ಕಿನ ಸ್ಪ್ರಿಂಗ್ ಜೊತೆಗೆ ಸಹಾಯಕ್ಕೆ ಅಂತ ಹಾಕಿದ ಬೆಲ್ಲೋ ಆದರೆ ಕಥೆ ಸ್ವಲ್ಪ ಬೇರೆ. ಅಲ್ಲಿ ಗಾಳಿ ಹೋದಷ್ಟೂ ಭಾರ ಸ್ಪ್ರಿಂಗಿಗೆ ಸರಿಯುತ್ತದೆ, ಹಾಗಾಗಿ ಮುಳ್ಳೂ ಇಳಿಯುತ್ತದೆ.

ಹಾಗಾದರೆ ಗೇಜ್ ಯಾಕೆ ಬೇಕು ಅಂತ ಕೇಳಬಹುದು. ಎಡ ಬಲದ ಭಾರ ಹೋಲಿಸಲು ಬೇಕು, ಬೆಲ್ಲೋಗೆ ಅದರ ಮಿತಿ ಮೀರಿ ಗಾಳಿ ತುಂಬದಿರಲು ಬೇಕು, ಓಡುವಾಗ ಪೈಪ್ ಕಿತ್ತುಹೋದರೆ ಕೂಡಲೇ ಗೊತ್ತಾಗಲು ಬೇಕು. ಇಷ್ಟಕ್ಕೆ ಎಡ ಬಲ ಎರಡೂ ಬೇರೆ ಬೇರೆ ಕಾಣಲೇಬೇಕು. ಎರಡೂ ಬೆಲ್ಲೋಗಳ ಪೈಪನ್ನು ಟೀ (T ಆಕಾರದ ಜಾಯಿಂಟ್) ಹಾಕಿ ಸೇರಿಸಿ ಒಂದೇ ಮುಳ್ಳಿಗೆ ಕೊಡುವವರಿದ್ದಾರೆ, ದಯವಿಟ್ಟು ಅದು ಬೇಡ. ತಿರುವಿನಲ್ಲಿ ಹೊರಬದಿಯ ಬೆಲ್ಲೋ ಅದುಮಿದಾಗ ಅದರ ಗಾಳಿ ಒಳಬದಿಗೆ ಹರಿದು ಗಾಡಿ ಇನ್ನೂ ಜಾಸ್ತಿ ವಾಲುತ್ತದೆ.

ಎರಡು ಮುಳ್ಳಿನ ಗೇಜ್ ಚೆನ್ನಾಗೇ ಇರುತ್ತದೆ, ಏರ್ ಬ್ರೇಕ್ ಲಾರಿಗಳಲ್ಲಿ ಎರಡು ಬ್ರೇಕ್ ಸರ್ಕ್ಯೂಟ್‌ಗಳಿಗೆ ಇರುವುದು ಇದೇ. ಒಂದೇ ತೂತಿನಲ್ಲಿ ಕೆಲಸ ಮುಗಿಯುತ್ತದೆ. ಎರಡೂ ಮುಳ್ಳಿನ ನಡುವಿನ ಅಂತರ ಚೀಟಿಯಲ್ಲಿ ಬರೆದಷ್ಟೇ ಇದ್ದರೆ ಸರಿ, ಅದಕ್ಕಿಂತ ಬೇರೆಯಾದರೆ ಏನೋ ಆಗಿದೆ. ಓರೆಗಣ್ಣಲ್ಲೇ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ ಬೆಲ್ಲೋಗಳಿಗೆ ಎರಡು ಮುಳ್ಳಿನದೊಂದು, ಟ್ಯಾಂಕಿಗೆ ಬೇರೆ ಸಣ್ಣದೊಂದು. 1973ರಿಂದ 1978ರವರೆಗೆ ಬಂದ ಜಿಎಂಸಿ ಮೋಟರ್‌ಹೋಮ್‌ನಲ್ಲಿ ಹಿಂದೆ ಒಂದೊಂದು ಬದಿಗೂ ಎರಡೆರಡು ಚಕ್ರ, ಆದರೆ ಆ ಎರಡರ ನಡುವೆ ಇರುವ ಬೆಲ್ಲೋ ಒಂದೇ, ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಉಕ್ಕಿನ ಸರಳು). ಅಂಥ ಗಾಡಿಗೂ ಇಷ್ಟೇ ಸಾಕು.

ಈಗ ಎಷ್ಟು ಪಿಎಸ್‌ಐವರೆಗಿನದು ಅನ್ನುವುದು. 300ರದ್ದು ತಗೊಂಡರೆ ಒಳ್ಳೆಯದು, ಒಡೆಯುವುದಿಲ್ಲ ಅಂತ ಯಾರಾದರೂ ಹೇಳಿರುತ್ತಾರೆ. ಕೇಳಬೇಡಿ. ಗೇಜಿನ ತಪ್ಪನ್ನು ಪೂರ್ತಿ ಅಳತೆಯ ಶೇಕಡಾವಾರು ಅಂತ ಹೇಳುತ್ತಾರೆ. ಮಾಮೂಲಿ ದರ್ಜೆಯ ಗೇಜ್ ನಡುಭಾಗದಲ್ಲಿ ಶೇ 2ರಷ್ಟು, ಎರಡು ತುದಿಗಳಲ್ಲಿ ಶೇ 3ರಷ್ಟು ತಪ್ಪಬಹುದು. 300ರ ಗೇಜ್‌ನಲ್ಲಿ ಶೇ 2 ಅಂದರೆ 6 ಪಿಎಸ್‌ಐ. 160ರದ್ದರಲ್ಲಿ 3 ಚಿಲ್ಲರೆ. ನಿಮ್ಮ 90 ಆಗ ನಡುಭಾಗದಲ್ಲೇ ಬರುತ್ತದೆ, ಟ್ಯಾಂಕಿನ 120 ಮುಕ್ಕಾಲು ಭಾಗಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಎಲ್ಲದಕ್ಕೂ 160ರದ್ದೇ ಇರಲಿ. ಬಾರ್ ಲೆಕ್ಕದ ಗೇಜ್ ಸಿಕ್ಕರೆ 1 ಬಾರ್‌ಗೆ 14.5 ಪಿಎಸ್‌ಐ, ಅಂದರೆ 10 ಅಥವಾ 11 ಬಾರ್‌ನದು ನೋಡಿ.

ಇಷ್ಟಾದರೂ ಎರಡು ಗೇಜ್ ಒಂದೇ ಒತ್ತಡಕ್ಕೆ ಒಂದೇ ಅಂಕಿ ತೋರಿಸುತ್ತವೆ ಅಂತ ನಂಬಬೇಡಿ. ಒಂದು 3 ಮೇಲೆ, ಇನ್ನೊಂದು 3 ಕೆಳಗೆ ಇದ್ದರೂ ಎರಡೂ ಒಳ್ಳೆಯ ಗೇಜೇ. ಡ್ಯಾಶ್‌ಬೋರ್ಡಿಗೆ ಕೂರಿಸುವ ಮೊದಲು ಮೇಜಿನ ಮೇಲೆ ಎರಡನ್ನೂ ಒಂದು ಟೀಗೆ ಹಾಕಿ, ಕಾಲಿನ ಪಂಪ್‌ನಿಂದ 60, 90, 110ಕ್ಕೆ ಏರಿಸಿ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ಬಲಗಡೆ ಭಾರ ಜಾಸ್ತಿ ಅಂತ ಅರ್ಧ ಸಾಮಾನು ಎಡಕ್ಕೆ ಸಾಗಿಸಿದವರಲ್ಲಿ ನಾನೂ ಒಬ್ಬ. ಹಾಗೇ ಇನ್ನೊಂದು: ಸೊನ್ನೆಯ ಹತ್ತಿರ ಮುಳ್ಳಿಗೆ ಅಡ್ಡ ಒಂದು ಸಣ್ಣ ಪಿನ್ ಇರುವ ಗೇಜ್‌ನಲ್ಲಿ, ಗಾಳಿ ಇಲ್ಲದಾಗ ಮುಳ್ಳು ಸೊನ್ನೆಯಲ್ಲಿದೆ ಅನ್ನುವುದಕ್ಕೆ ಬೆಲೆಯಿಲ್ಲ. ಅದು ಸುಮ್ನೆ ಪಿನ್ನಿಗೆ ಒರಗಿಕೊಂಡಿರುತ್ತದೆ, ಪಿನ್ ಇಲ್ಲದಿದ್ದರೆ ಎಲ್ಲಿಗೆ ಹೋಗುತ್ತಿತ್ತೋ!

ಮುಳ್ಳಿನದಾ, ಡಿಜಿಟಲ್ಲಾ? ಹಳೆಯ ಗಾಡಿಗೆ ಮೆಕ್ಯಾನಿಕಲ್ ಗೇಜೇ ನನಗೆ ಇಷ್ಟ. ಒಳಗಿರುವುದು ಬಾಗಿದ ಒಂದು ಚಪ್ಪಟೆ ಕೊಳವೆ. ಗಾಳಿ ತುಂಬಿದರೆ ಅದು ನೆಟ್ಟಗಾಗಲು ನೋಡುತ್ತದೆ, ಆ ಎಳೆತಕ್ಕೆ ಮುಳ್ಳು ತಿರುಗುತ್ತದೆ. ಫ್ರಾನ್ಸಿನ ಯೂಜೀನ್ ಬೋರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ, ಇವತ್ತಿಗೂ ಅದೇ ನಡೆಯುತ್ತಿದೆ. ಬ್ಯಾಟರಿ ಸತ್ತಿದ್ದರೂ ಓದಬಹುದು. ತೊಂದರೆ ಏನೆಂದರೆ ಬೆಲ್ಲೋ ಗಾಳಿಯ ಪೈಪ್ ಡ್ಯಾಶ್‌ಬೋರ್ಡ್‌ವರೆಗೆ ಬರಬೇಕು, ಒಂದೊಂದು ಜಾಯಿಂಟೂ ಹೊಸ ಸೋರಿಕೆಗೆ ದಾರಿ. ಅದಕ್ಕೆ ಗೇಜಿನ ಪೈಪ್ ಬೆಲ್ಲೋ ಕಡೆ ಶುರುವಾಗುವ ಜಾಗದಲ್ಲಿ ಒಂದು ಸಣ್ಣ ವಾಲ್ವ್ ಇಡಿ. ಮುಂದೆ ಎಲ್ಲಾದರೂ ಪೈಪ್ ಸೀಳಿದರೆ ವಾಲ್ವ್ ಮುಚ್ಚಿ ಬೆಲ್ಲೋ ಉಳಿಸಿಕೊಂಡು ಮನೆ ಸೇರಬಹುದು. ಬಿಸಿಲಲ್ಲಿ ಒಣಗಿ ಹಪ್ಪಳದಂತಾದ ಹಳೆಯ ಪೈಪನ್ನು ಹೊಸ ಗೇಜಿಗೆ ಸಿಕ್ಕಿಸಬೇಡಿ, ಅದನ್ನೂ ಬದಲಿಸಿ.

ಅಷ್ಟು ದೂರ ಪೈಪ್ ಎಳೆಯುವುದು ಬೇಡ ಅನ್ನಿಸಿದರೆ ಸೆಂಡರ್ (ಬೆಲ್ಲೋ ಹತ್ತಿರವೇ ಒತ್ತಡ ಅಳೆದು ವೈರ್ ಮೂಲಕ ಗೇಜಿಗೆ ತಿಳಿಸುವ ಭಾಗ) ಇರುವ ಎಲೆಕ್ಟ್ರಿಕ್ ಇಲ್ಲಾ ಡಿಜಿಟಲ್ ಗೇಜ್ ಹಾಕಬಹುದು. ಆದರೆ ಗೇಜ್ ಒಂದು ಕಡೆಯದು, ಸೆಂಡರ್ ಇನ್ನೊಂದು ಕಡೆಯದು ತಂದರೆ ಕೆಟ್ಟಿತು. ಸೆಂಡರ್ ಒತ್ತಡವನ್ನು ತಿಳಿಸುವುದು ತನ್ನ ವಿದ್ಯುತ್ ರೋಧ ಬದಲಿಸಿ, ಅದರ ಅಳತೆ ಓಮ್. ಕೆಲವು ಸೆಂಡರ್ 240ರಿಂದ 33 ಓಮ್‌ನವು, ಕೆಲವು 10ರಿಂದ 180 ಓಮ್‌ನವು. ಮೊದಲನೆಯದರಲ್ಲಿ ಒತ್ತಡ ಏರಿದಂತೆ ಓಮ್ ಇಳಿಯುತ್ತದೆ, ಎರಡನೆಯದರಲ್ಲಿ ಏರುತ್ತದೆ. ಅದಲು ಬದಲಾದರೆ ಮುಳ್ಳು ಉಲ್ಟಾ ಓಡುತ್ತದೆ. ಜೋಡಿಯಾಗೇ ಕೊಳ್ಳಿ. ಒಂದೇ ವೈರ್ ಇರುವ ಸೆಂಡರ್‌ಗೆ ಅರ್ತ್ ಸಿಗುವುದು ಅದರ ಥ್ರೆಡ್ ಮೂಲಕ. ಪ್ಲಾಸ್ಟಿಕ್ ಪೈಪಿನ ಜಾಯಿಂಟಿಗೆ ಹಾಕಿದರೆ, ಅಥವಾ ಟೆಫ್ಲಾನ್ ಟೇಪನ್ನು ಪಟ್ಟಿ ಕಟ್ಟಿದ ಹಾಗೆ ಸುತ್ತಿದರೆ, ಅರ್ತ್ ತಪ್ಪಿ ಮುಳ್ಳು ಎಲ್ಲೆಲ್ಲೋ ಅಲೆಯುತ್ತದೆ. ನಿಮ್ಮ ಗಾಡಿಯ ಮೈ ಫೈಬರ್ ಆಗಿದ್ದರೆ ಅರ್ತ್ ವೈರನ್ನೇ ಬೇರೆ ಎಳೆಯಿರಿ.

ಥ್ರೆಡ್ ಅಂದಾಗ ನೆನಪಾಯಿತು. ಪೈಪ್ ಥ್ರೆಡ್‌ನಲ್ಲಿ ಅಮೆರಿಕದ ಎನ್‌ಪಿಟಿ, ಬ್ರಿಟನ್ನಿನ ಬಿಎಸ್‌ಪಿ ಅಂತ ಎರಡು ಬಗೆ. 1/8 ಸೈಜಿನಲ್ಲಿ ಎನ್‌ಪಿಟಿಗೆ ಇಂಚಿಗೆ 27 ಥ್ರೆಡ್, ಬಿಎಸ್‌ಪಿಗೆ 28. ಒಂದನ್ನು ಇನ್ನೊಂದಕ್ಕೆ ಹಾಕಿದರೆ ಎರಡು ಸುತ್ತು ಚೆನ್ನಾಗೇ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಕೂತಿತು ಅಂತ ನೀವು ಅಂದುಕೊಳ್ಳುತ್ತೀರಿ. ಸೋಪಿನ ನೀರು ಹಚ್ಚಿ, ಗುಳ್ಳೆ ತಾನೇ ಹೇಳುತ್ತದೆ. ಬಿಗಿಯಾಯಿತು ಅಂತ ಸ್ಪ್ಯಾನರ್ ಹಾಕಿ ಒತ್ತಿದರೆ ಹಿತ್ತಾಳೆಯ ಥ್ರೆಡ್ ಹೋಗುತ್ತದೆ, ಗೇಜ್ ಹೋಗುತ್ತದೆ.

ಕೊನೆಗೆ ತೂತಿನ ಅಳತೆ. 52 ಮಿಲಿಮೀಟರ್ ಗೇಜ್ ಬಹಳ ಚಾಲ್ತಿಯಲ್ಲಿದೆ, ಆದರೆ ಹಳೆಯ ಡ್ಯಾಶ್‌ಬೋರ್ಡ್ ಅಳೆಯದೆ ನಂಬಬೇಡಿ. ಹಿಂದೆ ಎಷ್ಟು ಜಾಗ ಇದೆ ಅಂತಲೂ ನೋಡಿ, ಪೈಪ್ ಬಾಗಬೇಕಲ್ವಾ.

ಪ್ರಶ್ನೆ: ನನ್ನ ಗಾಡಿಯಲ್ಲಿ ಎಡ 88, ಬಲ 94 ತೋರಿಸುತ್ತದೆ. ಎತ್ತರ ಎರಡೂ ಕಡೆ ಒಂದೇ. ಎರಡನ್ನೂ 91ಕ್ಕೆ ತರಲಾ?

ಉತ್ತರ: ಬೇಡವೇ ಬೇಡ! ಎತ್ತರ ಸರಿ ಇದೆ ಅಂದಮೇಲೆ ಆ ವ್ಯತ್ಯಾಸ ಭಾರದ್ದು, ಇಲ್ಲಾ ಗೇಜ್‌ಗಳದ್ದೇ. ನೀರಿನ ಟ್ಯಾಂಕ್, ಫ್ರಿಜ್, ಗ್ಯಾಸ್ ಯಾವ ಕಡೆ ಇದೆ ನೋಡಿ. 100 ಲೀಟರ್ ನೀರು ಅಂದರೆ 100 ಕಿಲೋ. 40 ಚದರ ಇಂಚಿನ ಬೆಲ್ಲೋ ಮೇಲೆ ಅಷ್ಟೂ ನೇರವಾಗಿ ಬಿದ್ದರೆ ಐದೂವರೆ ಪಿಎಸ್‌ಐ ಏರುತ್ತದೆ. ನೀರು ಖಾಲಿ ಮಾಡಿ, ಎತ್ತರ ಸರಿಮಾಡಿಕೊಂಡು ಮತ್ತೆ ಓದಿ, ಉತ್ತರ ಅಲ್ಲೇ ಸಿಗುತ್ತದೆ. ಅಂಕಿ ಸಮ ಮಾಡಲು ಹೋದರೆ ಗಾಡಿ ವಾಲುತ್ತದೆ ಅಷ್ಟೇ.

ಪ್ರಶ್ನೆ: ಮಧ್ಯಾಹ್ನ ಟ್ಯಾಂಕ್ ಗೇಜ್ 110 ಇತ್ತು, ಬೆಳಗಿನ ಜಾವ 102. ಸೋರುತ್ತಿದೆಯಾ?

ಉತ್ತರ: ಚಳಿ ಎಷ್ಟಿತ್ತು ಅನ್ನುವುದರ ಮೇಲಿದೆ. ಟ್ಯಾಂಕ್ ಬೆಲ್ಲೋ ಹಾಗೆ ಕುಗ್ಗುವುದಿಲ್ಲ, ಗಾಳಿ ತಣ್ಣಗಾದರೆ ಒತ್ತಡ ಇಳಿಯಲೇಬೇಕು. 30 ಡಿಗ್ರಿಯಿಂದ 10 ಡಿಗ್ರಿಗೆ ಇಳಿದಿದ್ದರೆ 110ರದ್ದು ಸುಮಾರು 102 ಆಗುತ್ತದೆ, ಒಂದು ಹನಿ ಗಾಳಿಯೂ ಹೊರಗೆ ಹೋಗಿರುವುದಿಲ್ಲ. ಮತ್ತೆ ಮಧ್ಯಾಹ್ನ ನೋಡಿ. 110ಕ್ಕೆ ವಾಪಸ್ ಬಂದಿದ್ದರೆ ನೆಮ್ಮದಿಯಾಗಿರಿ, ಬಂದಿಲ್ಲ ಅಂದರೆ ಸೋಪಿನ ನೀರು ತಗೊಳ್ಳಿ. ಹುಡುಕಲು ಅಡಿಗೆ ಹೋಗುವಾಗ ಫ್ರೇಮ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟೇ ಹೋಗಿ. ಬೆಲ್ಲೋ ಎತ್ತಿ ಹಿಡಿದ ಗಾಡಿಯ ಕೆಳಗೆ ತಲೆ ಕೂಡ ಹಾಕಬಾರದು.

ಪ್ರಶ್ನೆ: ನನ್ನದು ಏರ್ ಬ್ರೇಕ್ ಗಾಡಿ. ಬ್ರೇಕ್ ಟ್ಯಾಂಕಿನಿಂದಲೇ ಬೆಲ್ಲೋಗೆ ಪೈಪ್ ತಗೊಂಡು ಅಲ್ಲೇ ಗೇಜ್ ಹಾಕಬಹುದಾ?

ಉತ್ತರ: ನಡುವೆ ಪ್ರೆಷರ್ ಪ್ರೊಟೆಕ್ಷನ್ ವಾಲ್ವ್ (ಒತ್ತಡ ತೀರಾ ಇಳಿದರೆ ತಾನೇ ಮುಚ್ಚಿಕೊಂಡು ಬ್ರೇಕಿನ ಗಾಳಿ ಉಳಿಸುವ ವಾಲ್ವ್) ಇಲ್ಲದೆ ಮಾಡಲೇಬೇಡಿ. ಅದಿಲ್ಲದಿದ್ದರೆ ಬೆಲ್ಲೋ ಒಡೆದಾಗ ಬ್ರೇಕಿನ ಗಾಳಿಯೂ ಅದರ ಜೊತೆ ಹೋಗುತ್ತದೆ. ಇದು ಬ್ರೇಕ್ ಗೊತ್ತಿರುವವರ ಕೈಯಲ್ಲೇ ಆಗಬೇಕಾದ ಕೆಲಸ.

ಪ್ರಶ್ನೆ: ಹೊಸ ಗೇಜಿನ ಎಲ್‌ಇಡಿ ರಾತ್ರಿ ಕಣ್ಣಿಗೆ ಹೊಡೆಯುತ್ತದೆ. ಡ್ಯಾಶ್‌ಬೋರ್ಡಿನ ಹಳೆಯ ಡಿಮ್ಮರ್ ಗುಂಡಿ ತಿರುಗಿಸಿದರೆ ಉಳಿದ ಮೀಟರ್‌ಗಳು ಮಂಕಾಗುತ್ತವೆ, ಇದು ಮಾತ್ರ ಆಗುವುದಿಲ್ಲ.

ಉತ್ತರ: ಹಳೆಯ ಡಿಮ್ಮರ್ ಅಂದರೆ ಒಂದು ಸುರುಳಿ ತಂತಿ. ಬಲ್ಬುಗಳು ಎಳೆಯುವ ಕರೆಂಟಿಗೆ ಅದು ಸರಿಹೋಗುತ್ತದೆ, ಎಲ್‌ಇಡಿ ಎಳೆಯುವ ಚೂರುಪಾರು ಕರೆಂಟಿಗೆ ಅದು ಲೆಕ್ಕಕ್ಕೇ ಇಲ್ಲ. ಎಲ್‌ಇಡಿ ತೆಗೆದು ಅದೇ ಹೋಲ್ಡರ್‌ಗೆ ಕೂರುವ ಮಾಮೂಲಿ ಬಲ್ಬ್ ಹಾಕಿ. ವೋಲ್ಟೇಜ್ ಮಾತ್ರ ನಿಮ್ಮ ಗಾಡಿಯದ್ದೇ ಇರಲಿ. ಹಳೆಯ ಗೇಜಿನ ಬಲ್ಬಿನ ಮೇಲೆ ಹಸಿರು ರಬ್ಬರ್ ಟೋಪಿ ಇದೆಯಾ ನೋಡಿ, ಇದ್ದರೆ ಎಸೆಯಬೇಡಿ. ಅದನ್ನೇ ಹೊಸ ಬಲ್ಬಿಗೆ ತೊಡಿಸಿದರೆ ಪಕ್ಕದ ಸ್ಪೀಡೋಮೀಟರಿನ ಬಣ್ಣಕ್ಕೆ ಇದೂ ಹೊಂದಿಕೊಳ್ಳುತ್ತದೆ.