ಡಿಸೆಂಬರ್ ಕಥೆಗೆ ಜೂನ್‌ನಲ್ಲೇ ಪೆನ್ನು

ಬರೆಯುವವರ ಪ್ರಶ್ನೆ, ಬಲ್ಲವರ ಉತ್ತರ

ಈ ಸಂಚಿಕೆಗೆ ಆರಿಸಿದ ಪತ್ರಗಳೆಲ್ಲ ಕ್ರಿಸ್‌ಮಸ್ ಹಿನ್ನೆಲೆಯ ಪ್ರೇಮ ಕಾದಂಬರಿ ಬರೆದು ತಾವೇ ಪ್ರಕಟಿಸಲು ಹೊರಟವರವು. ಎಲ್ಲವೂ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದಿವೆ.

*ನನ್ನ ಕಾದಂಬರಿ 38 ಸಾವಿರ ಪದಗಳದ್ದು. ಬೆಂಗಳೂರಿನ ಹುಡುಗಿ ಡಿಸೆಂಬರ್ 22ರಂದು ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ಒಂದು ಎಸ್ಟೇಟಿನಲ್ಲಿ ಸಿಕ್ಕಿಬೀಳುತ್ತಾಳೆ. ಕಾಫಿ ಹೂವಿನ ಘಮದ ನಡುವೆ ತೋಟದ ಯಜಮಾನ ಪ್ರೀತಿ ಹೇಳಿಕೊಳ್ಳುತ್ತಾನೆ. ಇಬ್ಬರದೂ ಬೇರೆ ಬೇರೆ ಧರ್ಮ, 25ಕ್ಕೆ ರಿಜಿಸ್ಟರ್ ಮದುವೆ. ಓದಿದ ಗೆಳತಿ ‘ಏನೋ ಕೂಡಿಬರಲಿಲ್ಲ’ ಎಂದಳು. ಏನು ತಪ್ಪಿದೆ?*
– ಓದುಗರೊಬ್ಬರು, ಮೂಡಿಗೆರೆ

ಕ್ಯಾಲೆಂಡರ್ ತಪ್ಪಿದೆ. ನಿಮ್ಮ ಊರಿನವರೇ ಈ ಪುಸ್ತಕದ ಮೊದಲ ಓದುಗರು, ಅವರು ಮೂರು ಕಡೆ ಎಡವುತ್ತಾರೆ.

ಘಾಟಿಯಲ್ಲಿ ಗುಡ್ಡ ಜರಿಯುವುದು ಮಳೆಗಾಲದ ಮಾತು. ವಿದೇಶಿ ಕಥೆಗಳಲ್ಲಿ ಹಿಮ ಬಿದ್ದು ನಾಯಕ ನಾಯಕಿ ಒಂದೇ ಮನೆಯಲ್ಲಿ ಉಳಿಯುತ್ತಾರಲ್ಲ, ಅದನ್ನು ಇಲ್ಲಿಗೆ ತರಲು ಗುಡ್ಡ ಕೆಡವಬೇಕಿಲ್ಲ. ಕಾಡಾನೆ ಇದೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ತೋಟಕ್ಕೆ ಆನೆ ಹಿಂಡು ಇಳಿದಿದೆ ಎಂದು ಅರಣ್ಯ ಇಲಾಖೆಯಿಂದ ಎಚ್ಚರಿಕೆ ಬಂದರೆ ಕತ್ತಲಾದ ಮೇಲೆ ಯಾರೂ ಗೇಟು ದಾಟುವುದಿಲ್ಲ. ಇದಕ್ಕಿಂತ ಗಟ್ಟಿ ಕಾರಣ ಬೇಕೆ?

ಎರಡನೆಯದು ಹೂವು. ಡಿಸೆಂಬರ್‌ನಲ್ಲಿ ಗಿಡದ ಮೇಲಿರುವುದು ಹಣ್ಣು, ಅರೇಬಿಕಾ ಕುಯ್ಲಿನ ಭರಾಟೆ. ಹೂವಿಗೆ ಮಾರ್ಚ್ ಏಪ್ರಿಲ್‌ನ ಹೂಮಳೆಯೋ ಅದಕ್ಕೂ ಮುಂಚಿನ ಸ್ಪ್ರಿಂಕ್ಲರ್ ನೀರೋ ಬೇಕು. ನೀರು ಬಿದ್ದ ಎಂಟು ಹತ್ತು ದಿನಕ್ಕೆ ಅರಳಿ, ಮೂರು ನಾಲ್ಕು ದಿನದಲ್ಲಿ ಬಾಡುತ್ತದೆ. ಜೊತೆಗೆ, ನಿಮ್ಮ ಯಜಮಾನ ಇಡೀ ಕಥೆಯಲ್ಲಿ ಬಿಡುವಾಗಿದ್ದಾನೆ. ಡಿಸೆಂಬರ್‌ನಲ್ಲಿ ಬೆಳೆಗಾರನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಹಗಲು ಕುಯ್ಲು, ಸಂಜೆ ಹಣ್ಣಿನ ತೂಕ, ಆಮೇಲೆ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್, ಕಣದಲ್ಲಿ ಹರಡಿದ ಪಾರ್ಚ್‌ಮೆಂಟನ್ನು (ಸಿಪ್ಪೆ ತೆಗೆದ ಕಾಫಿ ಬೀಜ) ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಟಾರ್ಪಾಲು ಮುಚ್ಚುವುದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಅಕಾಲ ಮಳೆ ಬಂದರಂತೂ ಮನೆಮಂದಿಯೆಲ್ಲ ಕಣಕ್ಕೆ ಓಡಬೇಕು. ಪ್ರೀತಿ ಹೇಳಿಕೊಳ್ಳುವ ದೃಶ್ಯ ಅಲ್ಲಿಗೆ ಹೋಗಲಿ. ನಡುರಾತ್ರಿ, ಒದ್ದೆ ಟಾರ್ಪಾಲಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ.

ಮೂರನೆಯದು ಮದುವೆ. ಬೇರೆ ಬೇರೆ ಧರ್ಮದವರಾದ ನಿಮ್ಮ ಜೋಡಿ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕು. ನೋಟಿಸ್ ಕೊಡುವ ಮುನ್ನ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ನೋಟಿಸ್ ಪ್ರಕಟವಾಗಿ 30 ದಿನ ಕಳೆಯಬೇಕು. 22ಕ್ಕೆ ಭೇಟಿ, 25ಕ್ಕೆ ಸಹಿ ಎಂದರೆ ಆಗದ ಮಾತು. ಸಾಲದ್ದಕ್ಕೆ 25 ಸರ್ಕಾರಿ ರಜೆ, ಉಪನೋಂದಣಿ ಕಚೇರಿಯ ಬಾಗಿಲೇ ತೆರೆದಿರುವುದಿಲ್ಲ. 25ರ ರಾತ್ರಿಗೆ ಒಪ್ಪಿಗೆಯ ಮಾತು ಬರಲಿ, ಮರುದಿನ ನೋಟಿಸ್ ಕೊಡಲಿ, ಕೊನೆಯ ಪುಟ್ಟ ಅಧ್ಯಾಯ ಮಾರ್ಚ್‌ಗೆ ಹಾರಲಿ. ಕಳೆದುಕೊಂಡ ಕಾಫಿ ಹೂವು ಆಗ ತಾನಾಗಿ ಸಿಗುತ್ತದೆ.

*ಕಥೆಯ ಕುಟುಂಬ ಕ್ಯಾಥೊಲಿಕ್, ನಾನು ಕ್ರೈಸ್ತಳಲ್ಲ. ಚರ್ಚು, ಅಡುಗೆಮನೆ ಬರೆಯುವಾಗ ಏನು ಗಮನಿಸಬೇಕು? ಶೆಟ್ಟಿಹಳ್ಳಿ ಚರ್ಚಿನಲ್ಲಿ ನಡುರಾತ್ರಿ ಪೂಜೆಯ ದೃಶ್ಯ ಇಡಬಹುದೆ?*
– ಓದುಗರೊಬ್ಬರು, ಹಾಸನ

ಶೆಟ್ಟಿಹಳ್ಳಿಯಲ್ಲಿ ಪೂಜೆ ಬೇಡ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ಚರ್ಚು ಹೇಮಾವತಿ ಜಲಾಶಯದ ಹಿನ್ನೀರಿಗೆ ಸೇರಿದ ಪಾಳು ಕಟ್ಟಡ. ಅಣೆಕಟ್ಟು ತುಂಬಿದ ವರ್ಷ ಡಿಸೆಂಬರ್‌ನಲ್ಲೂ ನೀರು ನಿಂತಿರುತ್ತದೆ, ಒಳಗೆ ನಡೆದಾಡುವುದು ಬೇಸಿಗೆಗೆ. ದಡದಲ್ಲಿ ನಿಂತು ನೋಡುವ ದೃಶ್ಯವಾದರೆ ಸರಿ.

ಕ್ಯಾಥೊಲಿಕರಲ್ಲಿ ಬಲಿಪೂಜೆ, ಫಾದರ್. ಪ್ರೊಟೆಸ್ಟೆಂಟರ ಸಿಎಸ್‌ಐನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಆರಾಧನೆ, ಪಾಸ್ಟರ್ ಅಥವಾ ಸಭಾಪಾಲಕರು. ಪಾಸ್ಟರಿಗೆ ಹೆಂಡತಿ ಮಕ್ಕಳಿರಬಹುದು, ಫಾದರಿಗಿಲ್ಲ. ಹಸ್ತಪ್ರತಿಗಳಲ್ಲಿ ಫಾದರ್ ಮಗಳನ್ನು ನಾಯಕಿ ಮಾಡಿದ್ದನ್ನು ನೋಡಿಯೇ ಈ ಮಾತು. ಹಾಸನ ಜಿಲ್ಲೆಯ ಕ್ಯಾಥೊಲಿಕ್ ಚರ್ಚುಗಳು 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರುತ್ತವೆ. ಬಿಷಪ್ ಅನುಮತಿ ಬೇಕಾದ ಸನ್ನಿವೇಶ ಬಂದರೆ ಪಾತ್ರಗಳು ಹೋಗಬೇಕಾದ್ದು ಅಲ್ಲಿಗೆ. ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಆ ವಾರಗಳ ಮೇಣದಬತ್ತಿಗಳಲ್ಲಿ ಮೂರು ನೇರಳೆ, ಮೂರನೇ ಭಾನುವಾರದ್ದು ಮಾತ್ರ ಗುಲಾಬಿ. ಗೋದಲಿಯನ್ನು ಮೊದಲೇ ಕಟ್ಟಿದರೂ ಬಾಲಯೇಸುವನ್ನು ಮಲಗಿಸುವುದು 24ರ ರಾತ್ರಿ ಪೂಜೆಗೇ. ಎಷ್ಟೋ ಚರ್ಚುಗಳಲ್ಲಿ ಆ ಪೂಜೆ ಈಗ ನಡುರಾತ್ರಿ ಅಲ್ಲ, ಸಂಜೆಯೇ ಶುರುವಾಗುತ್ತದೆ. ನಿಮ್ಮ ಕಥೆ ನಡೆಯುವ ಊರಿನಲ್ಲಿ ಕೇಳಿಕೊಳ್ಳಿ.

ಮಂಗಳೂರು ಮೂಲದ ಕೊಂಕಣಿ ಮನೆಯಾದರೆ ಕುಸ್ವಾರ್ ಎನ್ನುವ ಹಬ್ಬದ ತಿಂಡಿಗಳು ಇರಲೇಬೇಕು: ಕಿಡಿಯೊ, ನೆವ್ರಿ, ಗುಳಿಯೊ, ರೋಸ್ ಕುಕ್ಕೀಸ್. ಹೆಸರು ಪಟ್ಟಿ ಮಾಡಿ ಬಿಡಬೇಡಿ, ಒಂದನ್ನಾದರೂ ಪಾತ್ರಗಳ ಕೈಯಿಂದ ಮಾಡಿಸಿ. ರೋಸ್ ಕುಕ್ಕೀಸ್ ಪ್ರೇಮದೃಶ್ಯಕ್ಕೆ ಹೇಳಿ ಮಾಡಿಸಿದ್ದು. ಅಚ್ಚನ್ನು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಿ ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಅಚ್ಚು ಕಾಯದಿದ್ದರೆ ಹಿಟ್ಟು ಹಿಡಿಯುವುದಿಲ್ಲ, ಪೂರ್ತಿ ಮುಳುಗಿಸಿದರೆ ಮೇಲೆ ಮುಚ್ಚಿಕೊಂಡು ಬಿಡುವುದಿಲ್ಲ. ಗೊತ್ತಿಲ್ಲದವರು ಮೊದಲ ಸಲ ಖಂಡಿತ ಪೂರ್ತಿ ಮುಳುಗಿಸುತ್ತಾರೆ. ಗೊತ್ತಿದ್ದವರು ಪಕ್ಕದಲ್ಲಿ ನಿಂತು ನಗುತ್ತಾರೆ. ಕೇಕಿನ ಒಣಹಣ್ಣು ರಮ್‌ನಲ್ಲಿ ನೆನೆಯುವುದು ವಾರಗಟ್ಟಲೆ ಮುಂಚೆ, 23ಕ್ಕೆ ನೆನೆಹಾಕಿಸಬೇಡಿ.

*ನವೆಂಬರ್ ಕೊನೆಗೆ ಪ್ರೆಸ್ಸಿಗೆ ಕೊಟ್ಟರೆ ಹಬ್ಬಕ್ಕೆ ಪುಸ್ತಕ ಸಿಗುತ್ತದೆಯೆ? ಎಷ್ಟು ಪ್ರತಿ ಹಾಕಿಸಲಿ?*
– ಓದುಗರೊಬ್ಬರು, ಚಿಕ್ಕಮಗಳೂರು

ಸಿಕ್ಕರೂ ಮಾರಲು ದಿನ ಉಳಿಯುವುದಿಲ್ಲ. ಈ ಬಗೆಯ ಪುಸ್ತಕವನ್ನು ಡಿಸೆಂಬರ್ 26ರ ನಂತರ ಕೇಳುವವರು ಕಡಿಮೆ. ನವೆಂಬರ್‌ನಲ್ಲಿ ಪ್ರೆಸ್‌ಗಳು ರಾಜ್ಯೋತ್ಸವದ ಪುಸ್ತಕಗಳ ಜೊತೆಗೆ ಕ್ಯಾಲೆಂಡರ್, ಡೈರಿ ಕೆಲಸದಲ್ಲೂ ಮುಳುಗಿರುತ್ತವೆ, ಹೊಸಬರ ಕೆಲಸ ಸಾಲಿನ ಕೊನೆಗೆ ಹೋಗುತ್ತದೆ. ಹಿಂದಿನಿಂದ ಲೆಕ್ಕ ಹಾಕಿ. ನವೆಂಬರ್ ಮೊದಲ ವಾರ ಪುಸ್ತಕ ಕೈಯಲ್ಲಿರಬೇಕು, ಸೆಪ್ಟೆಂಬರ್‌ನಲ್ಲಿ ಪ್ರೆಸ್ಸಿಗೆ ಹೋಗಬೇಕು. ಆಗಸ್ಟ್ ಪುಟವಿನ್ಯಾಸಕ್ಕೆ, ಎರಡು ಸುತ್ತು ಕರಡು ತಿದ್ದಲಿಕ್ಕೆ. ಜೂನ್ ಜುಲೈಯಲ್ಲಿ ಬೇರೆಯವರಿಂದ ಓದಿಸಿ ತಿದ್ದಿ ಬರೆಯುವುದು. ಅಂದರೆ ಹೊರಗೆ ಧೋ ಎಂದು ಮಳೆ ಸುರಿಯುವಾಗ ನೀವು ಡಿಸೆಂಬರ್ ಚಳಿ ಬರೆಯುತ್ತಿರುತ್ತೀರಿ. ಹಾಗಾಗಿ ಈ ಡಿಸೆಂಬರ್‌ನಲ್ಲೇ ಟಿಪ್ಪಣಿ ಮಾಡಿಟ್ಟುಕೊಳ್ಳಿ: ಮಂಜು ಎಷ್ಟು ಗಂಟೆಗೆ ಕರಗುತ್ತದೆ, ಪೇಟೆಯಲ್ಲಿ ನಕ್ಷತ್ರದ ಗೂಡುದೀಪ ಯಾವಾಗ ತೂಗುಹಾಕುತ್ತಾರೆ, ದತ್ತ ಜಯಂತಿಯ ದಿನಗಳಲ್ಲಿ ಬಾಬಾಬುಡನ್‌ಗಿರಿಗೆ ಪ್ರವಾಸಿಗರನ್ನು ಬಿಡುತ್ತಾರೋ ಇಲ್ಲವೋ.

ಪುಟದ ಲೆಕ್ಕವನ್ನು ಮೊದಲೇ ಮಾಡಿ. ಡೆಮಿ 1/8 ಆಕಾರದಲ್ಲಿ, 12 ಪಾಯಿಂಟ್ ಅಕ್ಷರದಲ್ಲಿ ಪುಟಕ್ಕೆ ಸುಮಾರು 230 ಪದ ಹಿಡಿಯುತ್ತದೆ. ಮೊದಲ ಪತ್ರದವರ ಹಾಗೆ 38 ಸಾವಿರ ಪದವಾದರೆ ಸುಮಾರು 165 ಪುಟ, ಮುನ್ನುಡಿ ಇತ್ಯಾದಿ 8 ಸೇರಿ 173. ಆಫ್‌ಸೆಟ್‌ನಲ್ಲಿ 16 ಪುಟಕ್ಕೊಂದು ಫಾರಂ, ಹಾಗಾಗಿ 176ಕ್ಕೆ, ಅಂದರೆ 11 ಫಾರಂಗೆ ಹೊಂದಿಸಿ. 178 ಆಯಿತೋ, ಎರಡು ಪುಟಕ್ಕಾಗಿ ಇನ್ನೊಂದು ಫಾರಂ. ಒಳಗೆ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೊ ಕಾಗದ, ಹೊದಿಕೆಗೆ 300 ಜಿಎಸ್‌ಎಂ ಆರ್ಟ್ ಬೋರ್ಡ್ ಸಾಕು. ಬೆನ್ನಿನ ಅಗಲ ಸುಮಾರು 8 ಮಿಲಿಮೀಟರ್ ಬರುತ್ತದೆ, ಆದರೆ ಕಾಗದದ ಮೇಲೆ ಬದಲಾಗುವುದರಿಂದ ಪ್ರೆಸ್‌ನವರಿಂದ ಅಳತೆ ಪಡೆದ ಮೇಲೆಯೇ ಮುಖಪುಟ ಮುಗಿಸಿ.

ಮೊದಲ ಪುಸ್ತಕವಾದರೆ ಡಿಜಿಟಲ್ ಮುದ್ರಣದಲ್ಲಿ 200 ಪ್ರತಿ ಸಾಕು. ಒಂದೊಂದು ಪ್ರತಿಗೆ ಖರ್ಚು ಹೆಚ್ಚು, ಆದರೆ ಜನವರಿಯಲ್ಲಿ ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆ ಉಳಿಯುವುದಿಲ್ಲ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿ ಸಾವಿರ ಹಾಕಿಸುವವರಿದ್ದಾರೆ. ಆಯ್ಕೆಯಾಗುವ ಖಾತ್ರಿಯಿಲ್ಲ, ಹಣವೂ ತಡ. ಅರ್ಜಿ ಹಾಕುವುದಾದರೆ ಮೊದಲ ಮುದ್ರಣದ ವರ್ಷವನ್ನು ಪುಸ್ತಕದೊಳಗೆ ಸರಿಯಾಗಿ ನಮೂದಿಸಿ, ಆಯ್ಕೆ ನಡೆಯುವುದು ಆ ವರ್ಷದ ಲೆಕ್ಕದಲ್ಲಿ.

*‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಾದಂಬರಿಯನ್ನು ಇ-ಬುಕ್ ಮಾಡಿದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಏಕೆ?*
– ಓದುಗರೊಬ್ಬರು, ಅರಸೀಕೆರೆ

ನೀವು ಬಳಸಿದ್ದು ಹಳೆಯ ಆಸ್ಕಿ ಫಾಂಟ್. ಅದರಲ್ಲಿ ಕನ್ನಡ ಇರುವುದು ಫಾಂಟಿನ ಚಿತ್ರದಲ್ಲಿ ಮಾತ್ರ, ಕಡತದೊಳಗೆ ಇರುವುದು ಇಂಗ್ಲಿಷ್ ಕೀಲಿಗಳ ಸಂಕೇತವೇ. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳನ್ನು ಸಾಲು ಸಾಲಾಗಿ ನೋಡಿ. ಪರಿವರ್ತಕಗಳು ಕೆಡಿಸುವುದು ಹೆಚ್ಚಾಗಿ ಅಲ್ಲೇ. ‘ಕ್ರಿಸ್‌ಮಸ್’ ಎನ್ನುವಲ್ಲಿ ಸಕಾರ ಮಕಾರ ಬೇರೆಯಾಗಿ ನಿಲ್ಲಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅದು ಬಿದ್ದುಹೋದರೆ ‘ಕ್ರಿಸ್ಮಸ್’ ಆಗುತ್ತದೆ. ಓದುಗರು ಹುಡುಕುವುದು ಎರಡೂ ರೂಪದಲ್ಲಿ, ಆದ್ದರಿಂದ ಪುಸ್ತಕದೊಳಗೆ ಒಂದೇ ರೂಪ ಇರಲಿ, ಆನ್‌ಲೈನ್ ವಿವರಣೆಯಲ್ಲಿ ಎರಡೂ ಬರಲಿ. ಇನ್‌ಡಿಸೈನ್‌ನಲ್ಲಿ ಪುಟ ಮಾಡುವುದಾದರೆ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸದಿದ್ದರೆ ಒತ್ತಕ್ಷರ ಒಡೆಯುತ್ತವೆ.

ಲೇಖಕರೇ ಇ-ಬುಕ್ ಪ್ರಕಟಿಸುವ ಅಮೆಜಾನಿನ ತಾಣ ಕೆಡಿಪಿಗೆ ಹಾಕುವ ಮುನ್ನ ಅವರ ಭಾಷೆಗಳ ಪಟ್ಟಿ ನೋಡಿ. 2016ರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಸೇರಿಸಿದಾಗ ಕನ್ನಡವನ್ನು ಬಿಟ್ಟಿದ್ದರು. ಬೇರೆ ಭಾಷೆ ಎಂದು ತೋರಿಸಿ ನುಸುಳಿಸಬೇಡಿ, ಖಾತೆಗೇ ಕುತ್ತು ಬರಬಹುದು. ಕನ್ನಡಕ್ಕೆ ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್, ಪ್ರತಿಲಿಪಿ ತಾಣಗಳಿವೆ. ಪ್ರತಿಲಿಪಿಯಲ್ಲಿ ಕಂತು ಕಂತಾಗಿ ಬಿಡುವುದಾದರೆ ಡಿಸೆಂಬರ್ 1ಕ್ಕೆ ಶುರುಮಾಡಿ, ಕೊನೆಯ ಕಂತು 24ಕ್ಕೆ ಬರಲಿ.

*ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಕೊಡಿಸಲು ಏಜೆಂಟರೊಬ್ಬರು ದುಡ್ಡು ಕೇಳುತ್ತಿದ್ದಾರೆ. ಕೊಡಬೇಕೆ?*
– ಓದುಗರೊಬ್ಬರು, ಬೇಲೂರು

ಬೇಡ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುತ್ತದೆ. ಸ್ವತಃ ಪ್ರಕಟಿಸುವ ಲೇಖಕರೂ ಅರ್ಜಿ ಹಾಕಬಹುದು. ಮುದ್ರಿತ ಪುಸ್ತಕಕ್ಕೊಂದು, ಇ-ಬುಕ್‌ಗೆ ಬೇರೊಂದು. ಸಂಖ್ಯೆ ಬರಲು ದಿನ ಹಿಡಿಯುವುದರಿಂದ ಪುಟವಿನ್ಯಾಸ ಶುರುವಾಗುವಾಗಲೇ ಅರ್ಜಿ ಹಾಕಿ. ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸುವುದು 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಾಶಕರ ಹೊಣೆ. ಇಲ್ಲಿ ಪ್ರಕಾಶಕರು ನೀವೇ.

*ಕಥೆಯ ನಡುವೆ ಕ್ಯಾರಲ್ ಗೀತೆ, ಬೈಬಲ್ ವಾಕ್ಯ ಬಳಸಬಹುದೆ?*
– ಓದುಗರೊಬ್ಬರು, ಕಡೂರು

ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರ ಜೀವಿತಾವಧಿ ಮತ್ತು ನಂತರದ 60 ವರ್ಷ. 1818ರ ‘ಸೈಲೆಂಟ್ ನೈಟ್’ ಮೂಲಕ್ಕೆ ಯಾರ ಅನುಮತಿಯೂ ಬೇಡ, ಆದರೆ ಅದರ ಕನ್ನಡ ಅನುವಾದದ ಹಕ್ಕು ಅನುವಾದಕರದ್ದು. ಈಗ ಚಾಲ್ತಿಯಲ್ಲಿರುವ ಕನ್ನಡ ಬೈಬಲ್ ಅನುವಾದಗಳಿಗೂ ಹಾಗೆಯೇ. ಒಂದೆರಡು ವಾಕ್ಯಕ್ಕೆ ಯಾವ ಅನುವಾದ ಎಂದು ಕೃತಿಸ್ವಾಮ್ಯದ ಪುಟದಲ್ಲಿ ಹೆಸರಿಸಿ, ಪುಟಗಟ್ಟಲೆಯಾದರೆ ಬರೆದು ಅನುಮತಿ ಪಡೆಯಿರಿ. ಸಿನಿಮಾ ಹಾಡಿನ ಸಾಲು ಬೇಡವೇ ಬೇಡ. ಪಾತ್ರ ಗುನುಗಿತು ಎಂದಷ್ಟೇ ಬರೆದರೂ ಕಥೆ ನಡೆಯುತ್ತದೆ.