ಸೋಲಿಗರ ಮೇಲೆ ಪ್ರಾಜೆಕ್ಟ್: ಲೈಬ್ರರಿಯಲ್ಲಿ ಎಲ್ಲಿ ಹುಡುಕಬೇಕು?

ನೀವು ಕೇಳಿರುವುದು ಇಷ್ಟು: ಎಂ.ಎ. ಕೊನೆಯ ಸೆಮಿಸ್ಟರಿಗೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರ ಮೇಲೆ ಪ್ರಾಜೆಕ್ಟ್ ಬರೆಯಬೇಕು. ಲೈಬ್ರರಿ ಕಂಪ್ಯೂಟರಿನಲ್ಲಿ 'ಮೂಲನಿವಾಸಿಗಳು' ಅಂತ ಹಾಕಿದರೆ ಅಮೆರಿಕ, ಆಸ್ಟ್ರೇಲಿಯಾದ ಪುಸ್ತಕ ಬರುತ್ತವೆ; 'ಸೋಲಿಗ' ಅಂತ ಹಾಕಿದರೆ ಒಂದೋ ಎರಡೋ. ಗೈಡ್ ನೋಡಿದರೆ ವೆಬ್‌ಸೈಟ್ ನಂಬಿಕೊಂಡು ಬರೆಯಬೇಡಿ ಅನ್ನುತ್ತಾರೆ.

ಲೈಬ್ರರಿಯ ಪರಾಮರ್ಶನ ವಿಭಾಗದಲ್ಲಿ ವರ್ಷಾನುಗಟ್ಟಲೆ ಕೂತವನು ನಾನು. ಇದೇ ಪ್ರಶ್ನೆ ಹಿಡಿದುಕೊಂಡು ಬರುವ ವಿದ್ಯಾರ್ಥಿಗಳಿಗೆ ಮೊದಲು ಹೇಳುವ ಮಾತು: ಸೋಲಿಗರು ಅನ್ನುವ ಕಪಾಟು ಯಾವ ಲೈಬ್ರರಿಯಲ್ಲೂ ಇರುವುದಿಲ್ಲ. ಅವರ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ತಮ್ಮದೇ ಯಾವುದೋ ಕೆಲಸದ ಮೇಲೆ ಕಾಡಿಗೆ ಹೋದವರು. ಒಬ್ಬರು ಕಂದಾಯಕ್ಕೆ, ಒಬ್ಬರು ಜನಗಣತಿಗೆ, ಒಬ್ಬರು ಹುಲಿಗೆ, ಒಬ್ಬರು ಹಾಡು ಬರೆದುಕೊಳ್ಳೋಕೆ. ಬರೆದದ್ದು ಅವರವರ ವಿಷಯದ ಕಪಾಟಿಗೆ ಹೋಗಿ ಸೇರಿದೆ. ಆದ್ದರಿಂದ ಸೋಲಿಗರ ಹತ್ತಿರ ಯಾರು, ಯಾಕೆ ಹೋದರು ಅಂತ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಹುಡುಕಿ.

ಹೆಚ್ಚಿನವರು ಎಡವುವುದು ಗಡಿಯಲ್ಲಿ. ಈಗಿನ ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಹಿಂದಿನ ಗೆಜೆಟಿಯರ್ (ಜಿಲ್ಲೆಯ ಬಗ್ಗೆ ಸರ್ಕಾರ ಹೊರತರುವ ವಿವರಗಳ ಪುಸ್ತಕ) ಬೇಕಾದರೆ ಮೈಸೂರು ಜಿಲ್ಲೆಯದನ್ನು ತೆಗೆಯಬೇಕು. ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದ್ದು ಕೊಳ್ಳೇಗಾಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮೈಸೂರಿನಲ್ಲಿರಲೇ ಇಲ್ಲ, ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮಲೆ ಮಹದೇಶ್ವರ ಬೆಟ್ಟವೂ ಆ ಕಡೆಗೇ. ಅಂದರೆ ಯಳಂದೂರು, ಚಾಮರಾಜನಗರದ ಕಡೆಯ ಸೋಲಿಗರ ಹಳೆಯ ದಾಖಲೆ ಮೈಸೂರು ಸಂಸ್ಥಾನದ ಕಡತದಲ್ಲಿ, ಬೆಟ್ಟದ ಆಚೆ ಮಗ್ಗುಲಿನವರದು ಮದರಾಸು ಸರ್ಕಾರದ ಕಡತದಲ್ಲಿ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರನ್ನಷ್ಟೇ ತಿರುವಿ 'ಹೆಚ್ಚೇನೂ ಇಲ್ಲ' ಅಂತ ಬರೆಯುವವರು 1887ರಲ್ಲಿ ಬಂದ ನಿಕೋಲ್ಸನ್ನರ ಕೊಯಮತ್ತೂರು ಜಿಲ್ಲಾ ಮ್ಯಾನ್ಯುಯಲನ್ನು ಮುಟ್ಟಿಯೇ ಇರುವುದಿಲ್ಲ.

ಗಡಿ ಬದಲಾದಂತೆ ಹೆಸರಿನ ಕಾಗುಣಿತವೂ ಬದಲಾಗುತ್ತದೆ. ಮದರಾಸಿನ ಪುಸ್ತಕಗಳಲ್ಲಿ ಅವರು 'ಶೋಲಗ'. ಇತ್ತೀಚಿನ ಭಾಷಾಶಾಸ್ತ್ರದ ಬರಹದಲ್ಲಿ 'ಸೋಲೆಗ'. ಕರ್ನಾಟಕದ ಸರ್ಕಾರಿ ಪಟ್ಟಿಯಲ್ಲಿ 'ಸೋಲಿಗರು'. ಇಂಗ್ಲಿಷಿನಲ್ಲಿ ಹುಡುಕುವಾಗ ಇಷ್ಟನ್ನೂ ಬೇರೆಬೇರೆಯಾಗಿ ಹಾಕಿ ನೋಡಿ. (ನಿಮ್ಮ ಗೆಳೆಯರು ಯಾರಾದರೂ ಜೇನುಕುರುಬರ ಮೇಲೆ ಬರೆಯುತ್ತಿದ್ದರೆ ಅವರ ಪಾಡು ಇನ್ನೂ ಕಷ್ಟ: 'ಕುರುಬ' ಅಂತ ಹಾಕಿದರೆ ಕುರಿ ಸಾಕುವ ಕುರುಬರ ಪುಸ್ತಕಗಳೇ ಬರುತ್ತವೆ. ಹಳೆಯ ಪುಸ್ತಕಗಳಲ್ಲಿ 'ಕುರುಂಬ' ಅಂತ ನೋಡಲು ಹೇಳಿ.)

ಹಳೆಯ ಜನಾಂಗ ವರ್ಣನೆಗಳಲ್ಲಿ ಎರಡನ್ನು ಬಿಡುವ ಹಾಗಿಲ್ಲ. ಥರ್ಸ್ಟನ್ ಮತ್ತು ರಂಗಾಚಾರಿಯವರ, ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ 7 ಸಂಪುಟ, 1909ರದ್ದು. ಶೋಲಗರು 6ನೇ ಸಂಪುಟದಲ್ಲಿದ್ದಾರೆ. ಇನ್ನೊಂದು ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಬುಡಕಟ್ಟು ಜಾತಿಗಳ 4 ಸಂಪುಟ, ಮೈಸೂರು ವಿಶ್ವವಿದ್ಯಾನಿಲಯ 1928ರಿಂದ 1935ರವರೆಗೆ ಪ್ರಕಟಿಸಿದ್ದು. ಈ ನಂಜುಂಡಯ್ಯನವರೇ ಆ ವಿಶ್ವವಿದ್ಯಾನಿಲಯದ ಮೊದಲ ಕುಲಪತಿ. ಎರಡೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಆದರೆ ಥರ್ಸ್ಟನ್ ಜನರ ಮೂಗು, ತಲೆ ಅಳೆದುಕೊಂಡು ಓಡಾಡಿದ ಮನುಷ್ಯ ಅನ್ನುವುದು ನೆನಪಿರಲಿ. ಅವರ ಮಾತನ್ನು 'ಸೋಲಿಗರು ಹೀಗಿದ್ದರು' ಅಂತ ಎತ್ತಿ ಬರೆಯಬೇಡಿ, '1909ರಲ್ಲಿ ಥರ್ಸ್ಟನ್ ಹೀಗೆ ಬರೆದರು' ಅಂತ ಬರೆಯಿರಿ. ಒಳ್ಳೆಯ ಪರೀಕ್ಷಕರು ಇದನ್ನು ಗಮನಿಸುತ್ತಾರೆ.

ಸ್ವಾತಂತ್ರ್ಯಾನಂತರದ್ದರಲ್ಲಿ ಮೊದಲು ಓದಬೇಕಾದದ್ದು ಎಸ್.ಜಿ. ಮೊರಬ್ ಅವರ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅಧ್ಯಯನ, 1977. ಪ್ರಕಾಶಕರು ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಇಲಾಖೆ. ಈ ಇಲಾಖೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇದೆ, ಅಲ್ಲಿ ಲೈಬ್ರರಿಯೂ ಇದೆ. ಕೆ.ಎಸ್. ಸಿಂಗ್ ಅವರ ನೇತೃತ್ವದಲ್ಲಿ ಇದೇ ಇಲಾಖೆ 1985ರಲ್ಲಿ ಶುರುಮಾಡಿದ 'ಪೀಪಲ್ ಆಫ್ ಇಂಡಿಯಾ' ಮಾಲೆಯ ಕರ್ನಾಟಕ ಸಂಪುಟಗಳನ್ನೂ ನೋಡಿ. ಮಾನಸಗಂಗೋತ್ರಿಯಲ್ಲಿ ವಿಶ್ವವಿದ್ಯಾನಿಲಯದ ಗ್ರಂಥಾಲಯವಿದೆ, 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನವೂ ಅಲ್ಲೇ ಇದೆ. ಚಾಮರಾಜನಗರದಿಂದ ಬೆಳಗಿನ ಬಸ್ಸು ಹಿಡಿದು ಬಂದರೆ ಎರಡೂ ಕಡೆ ಹೋಗಬಹುದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನಕ್ಕೇ ಒಂದು ವಿಭಾಗವಿದೆ, ಪ್ರಸಾರಾಂಗದ ಪುಸ್ತಕಪಟ್ಟಿ ತರಿಸಿಕೊಳ್ಳಿ.

ಇನ್ನು ನಿಮ್ಮದೇ ಲೈಬ್ರರಿಯ ಕಪಾಟುಗಳು. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಕ್ರಮದಲ್ಲಿ ಜೋಡಿಸಿದ್ದರೆ ಎಲ್ಲರೂ ಜನಾಂಗಗಳ 305.8ರ ಮುಂದೆ ನಿಲ್ಲುತ್ತಾರೆ. ನೀವು ಜಾನಪದದ 398ಕ್ಕೂ ಹೋಗಿ. ಮಲೆ ಮಾದೇಶ್ವರ ಕಾವ್ಯದ ಯಾವುದೇ ದೊಡ್ಡ ಸಂಗ್ರಹ ತೆಗೆದು 'ಸಂಕಮ್ಮನ ಸಾಲು' ಅನ್ನುವ ಭಾಗ ಓದಿ. ಜೇನಿಗೆ ಹೋಗುವ ನೀಲಯ್ಯ, ಅವನ ಹೆಂಡತಿ ಸಂಕಮ್ಮ, ಇಬ್ಬರೂ ಸೋಲಿಗರೇ. ಬಿಳಿಗಿರಿರಂಗ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾಗಿ ಅವರಿಗೆಲ್ಲ 'ರಂಗಭಾವ' ಆದ ಕಥೆಯೂ ಜಾನಪದ ಸಂಗ್ರಹಗಳಲ್ಲೇ ಸಿಗುವುದು. ಕ್ಯಾಟಲಾಗಿನಲ್ಲಿ ಈ ಪುಸ್ತಕಗಳ ಮುಂದೆ 'ಬುಡಕಟ್ಟು' ಅನ್ನುವ ಪದ ಇಲ್ಲದೆಯೂ ಇರಬಹುದು.

ನಿಮ್ಮ ವಿಷಯ ಭೂಮಿ ಅಥವಾ ಹಕ್ಕಿನ ಕಡೆಗಿದ್ದರೆ ಅರಣ್ಯಶಾಸ್ತ್ರದ ಕಪಾಟೇ ಮುಖ್ಯ. 1974ರಲ್ಲಿ ಕಾಡು ವನ್ಯಜೀವಿಧಾಮವಾಯಿತು. ಪೋಡುಗಳನ್ನು, ಅಂದರೆ ಸೋಲಿಗರ ಹಾಡಿಗಳನ್ನು, ಎಬ್ಬಿಸಿ ಒಂದೆಡೆ ನಿಲ್ಲಿಸಿದರು, ಬೇಸಾಯಕ್ಕೆ ಕಾಡು ಸುಡುವುದು ನಿಂತಿತು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಈ ಕಥೆ ಪುಸ್ತಕಗಳಿಗಿಂತ ನಿಯತಕಾಲಿಕೆಗಳಲ್ಲಿ ಹೆಚ್ಚಿದೆ. ತರಗುಬೆಂಕಿ (ನೆಲದ ಒಣ ಎಲೆಗೆ ಹಾಕುವ ಸಣ್ಣ ಬೆಂಕಿ) ನಿಂತ ಮೇಲೆಯೇ ಲಂಟಾನ ಅನ್ನುವ ಕಳೆಗಿಡ ಕಾಡನ್ನೆಲ್ಲ ಮುಚ್ಚಿತು ಅನ್ನುವುದು ಸೋಲಿಗರ ವಾದ. ಅದನ್ನು ಗಂಭೀರವಾಗಿ ತೆಗೆದುಕೊಂಡ ಸಂಶೋಧನಾ ಲೇಖನಗಳು ಪರಿಸರ ವಿಜ್ಞಾನದ ಪತ್ರಿಕೆಗಳಲ್ಲಿವೆ, ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಆ ಕಡೆ ತಲೆಹಾಕುವುದೇ ಇಲ್ಲ. 'ಲಂಟಾನ' ಅಂತಲೇ ಹುಡುಕಿ. ಬೆಂಗಳೂರಿನ ಏಟ್ರೀ (ATREE) ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯ ಪ್ರಕಟಣೆಗಳ ಪಟ್ಟಿಯನ್ನೂ ನೋಡಿ, ಅವರು ಆ ಬೆಟ್ಟದಲ್ಲಿ ದಶಕಗಳಿಂದ ಕೆಲಸ ಮಾಡುತ್ತಿದ್ದಾರೆ. ಆರೋಗ್ಯದ ವಿಷಯಕ್ಕಾದರೆ ಡಾ. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಹೆಸರು ಹಾಕಿ ಹುಡುಕಬೇಕು.

ಎರಡು ಬರಹಗಳನ್ನು ಬೇರೆಯಾಗಿಯೇ ಹೇಳುತ್ತೇನೆ. ಸಿ. ಮಾದೇಗೌಡ ಅವರು ಸ್ವತಃ ಸೋಲಿಗರು, ಸಂಶೋಧಕರು. ಪಾರಂಪರಿಕ ಜ್ಞಾನ ಮತ್ತು ಸಂರಕ್ಷಣೆಯ ಬಗ್ಗೆ ಅವರು ಬರೆದ ಲೇಖನ 2009ರ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿದೆ. ಬೆಟ್ಟಕ್ಕೆ ಕೆಲಸದ ಮೇಲೆ ಹೋದವರ ಬರಹಗಳ ನಡುವೆ ಅಲ್ಲಿಯೇ ಹುಟ್ಟಿದವರದು. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಇದು ಇರಲೇಬೇಕು ಅಂತ ನನ್ನ ಹಟ. ಇನ್ನೊಂದು ಆಂಗ್ ಸಿ ಅನ್ನುವ ಭಾಷಾಶಾಸ್ತ್ರಜ್ಞರ 2016ರ ಪುಸ್ತಕ. ಸೋಲಿಗರ ನುಡಿಯಲ್ಲಿ ಗಿಡ, ಹಕ್ಕಿ, ಜೇನಿನ ತಿಳಿವಳಿಕೆ ಹೇಗೆ ಅಡಗಿದೆ ಅಂತ ನೋಡುತ್ತದೆ. ಬೆಲೆ ಜಾಸ್ತಿ, ಕೊಳ್ಳಲು ಹೋಗಬೇಡಿ, ದೊಡ್ಡ ಲೈಬ್ರರಿಯಲ್ಲಿ ಕೇಳಿ.

ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಅನ್ನುವ ಆನ್‌ಲೈನ್ ಸಂಗ್ರಹ ಇದೆ. ಅಲ್ಲಿ ಪೂರ್ತಿ ಪ್ರಬಂಧ ಓದುತ್ತಾ ಕೂರಬೇಡಿ. ಎರಡನೇ ಅಧ್ಯಾಯದಲ್ಲಿ ಸಾಮಾನ್ಯವಾಗಿ ಹಿಂದಿನ ಅಧ್ಯಯನಗಳ ಸಮೀಕ್ಷೆ ಇರುತ್ತದೆ, ಕೊನೆಯಲ್ಲಿ ಗ್ರಂಥಸೂಚಿ. ಅವೆರಡನ್ನೂ ಇಳಿಸಿಕೊಳ್ಳಿ. ಆದರೆ ಅದರಲ್ಲಿ ಕಂಡ ಪುಸ್ತಕವನ್ನು ಕಣ್ಣಾರೆ ನೋಡದೆ ನಿಮ್ಮ ಪಟ್ಟಿಗೆ ಸೇರಿಸಬೇಡಿ. ಒಬ್ಬರು ತಪ್ಪಾಗಿ ಬರೆದ ಇಸವಿ ಹತ್ತು ಪ್ರಬಂಧಗಳಲ್ಲಿ ಹಾಗೇ ನಕಲಾಗಿರುವುದನ್ನು ನೋಡಿದ್ದೇನೆ.

ಹೊರಗಿನ ಲೈಬ್ರರಿಗೆ ಹೋಗುವಾಗ ಕಾಲೇಜಿನ ಗುರುತಿನ ಚೀಟಿ, ವಿಭಾಗದ ಮುಖ್ಯಸ್ಥರ ಸಹಿ ಮತ್ತು ಸೀಲು ಇರುವ ಪತ್ರ ಇಟ್ಟುಕೊಳ್ಳಿ. ಪತ್ರದಲ್ಲಿ ಪ್ರಾಜೆಕ್ಟಿನ ವಿಷಯ ಬರೆಸಿ, 'ಜೆರಾಕ್ಸ್ ಮಾಡಿಕೊಳ್ಳಲು ಅನುಮತಿ' ಅನ್ನುವುದನ್ನೂ ಸೇರಿಸಿ. ಮೊದಲು ಮೊರಬ್ ಪುಸ್ತಕ ಎಲ್ಲಿದೆ ಅಂತ ಫೋನ್ ಮಾಡಿ ಕೇಳಿ. ಮಾನವಶಾಸ್ತ್ರ ಇಲಾಖೆಯದು, ಭಾಷಾ ಸಂಸ್ಥಾನದ್ದು ಎರಡೂ ಕೇಂದ್ರ ಸರ್ಕಾರದ ಕಚೇರಿ, ಶನಿವಾರ ಬಸ್ಸು ಹತ್ತಬೇಡಿ.